ಈಜುಕೊಳಕ್ಕೆ ಬಿದ್ದ ಫ್ರಿಜ್

ನಮಸ್ಕಾರ ಕೇಳುಗರೇ.

ಹೋಟೆಲ್ ಕೋಣೆ. ಮೂಲೆಯಲ್ಲಿ ಒಂದು ಪುಟ್ಟ ಫ್ರಿಜ್, ಒಳಗೆ ಮದ್ಯದ ಬಾಟಲಿಗಳು. ಆ ಕೋಣೆಯಲ್ಲಿರುವವಳು ಜ್ಯಾಕಿ ರೆಡ್ ಫೆದರ್. ಕುಡಿತ ಬಿಟ್ಟು ಎರಡು ವಾರವೂ ಆಗಿಲ್ಲ. ಚಟ ಬಿಡಿಸಲು ಸಲಹೆ ಕೊಡೋದೇ ಅವಳ ಕೆಲಸ, ನೋಡಿ! ಕೊನೆಗೆ ಏನು ಮಾಡ್ತಾಳೆ ಗೊತ್ತಾ? ಆ ಫ್ರಿಜ್ಜನ್ನೇ ಹೊತ್ತುಕೊಂಡು ಹೋಗಿ ಈಜುಕೊಳಕ್ಕೆ ಹಾಕಿಬಿಡುತ್ತಾಳೆ.

ಇದು 2018ರಲ್ಲಿ ಬಂದ 'ದೇರ್ ದೇರ್' ಕಾದಂಬರಿಯ ಪ್ರಸಂಗ. ಬರೆದವರು ಟಾಮಿ ಆರೆಂಜ್. ಅಮೆರಿಕದ ಶೆಯೆನ್ ಮತ್ತು ಅರಾಪಾಹೊ ಮೂಲನಿವಾಸಿಗಳ ಕುಲದವರು, ಹುಟ್ಟಿ ಬೆಳೆದದ್ದು ಕ್ಯಾಲಿಫೋರ್ನಿಯಾದ ಓಕ್‌ಲೆಂಡಿನಲ್ಲಿ. ಅವರ ಪಾತ್ರಗಳೂ ಬಸ್ಸು, ರೈಲು ಹತ್ತಿ ಓಡಾಡುವ ಪೇಟೆಯ ಜನವೇ. ಕುಡಿತ ಕೆಟ್ಟದ್ದು ಅಂತ ಅವರು ಎಲ್ಲೂ ಪಾಠ ಹೇಳುವುದಿಲ್ಲ. ಜ್ಯಾಕಿ ದಿನ ಎಣಿಸುತ್ತಾಳೆ, ಅಷ್ಟೆ.

ಅವಳ ಮೊಮ್ಮಕ್ಕಳನ್ನು ಸಾಕುತ್ತಿರುವುದು ತಂಗಿ ಓಪಲ್. ಹಿರಿಯರ ವಿಷಯವನ್ನು ಓಪಲ್ ಹುಡುಗರ ಮುಂದೆ ಎತ್ತುವುದೇ ಇಲ್ಲ. ದೊಡ್ಡವನು ಆರ್ವಿಲ್ ಕುಲದ ಕುಣಿತ ಕಲಿತದ್ದು ಯೂಟ್ಯೂಬ್ ನೋಡಿ! ಒಂದು ದಿನ ಓಪಲ್‌ಗೆ ಗೊತ್ತಾಗದ ಹಾಗೆ ಅವಳ ಬಳಿ ಇದ್ದ ಕುಣಿತದ ಉಡುಪು ತೊಟ್ಟು ಕನ್ನಡಿ ಮುಂದೆ ನಿಲ್ಲುತ್ತಾನೆ. ಮೈಗೆ ಬಿಗಿ. ಯಾರದೋ ವೇಷ ಹಾಕಿದ ಹಾಗೆ ಅನಿಸುತ್ತದೆ ಅವನಿಗೆ. ಅಜ್ಜ ಮುತ್ತಜ್ಜಂದಿರ ಬಟ್ಟೆಯೇ ವೇಷ ಅನಿಸೋದು ಅಂದರೆ! ಈ ಪುಟಗಳನ್ನು ನಾನು ಮತ್ತೆ ಮತ್ತೆ ಓದಿದ್ದೇನೆ.

ಮನೆಯಲ್ಲಿ ಯಾಕೆ ಯಾರೂ ಹೇಳಿಕೊಡಲಿಲ್ಲ? ಇದೇ ಮನೆತನದ ಬಗ್ಗೆ ಆರೆಂಜ್ ಬರೆದ 2024ರ 'ವಾಂಡರಿಂಗ್ ಸ್ಟಾರ್ಸ್' ಕಾದಂಬರಿ ಅದಕ್ಕಾಗಿ ತುಂಬಾ ಹಿಂದೆ ಹೋಗುತ್ತದೆ. 1864ರಲ್ಲಿ ಕೊಲರಾಡೊದ ಸ್ಯಾಂಡ್ ಕ್ರೀಕ್‌ನಲ್ಲಿ ಸೈನಿಕರು ನಡೆಸಿದ ಶೆಯೆನ್, ಅರಾಪಾಹೊ ಜನರ ಹತ್ಯಾಕಾಂಡ. ಸತ್ತವರಲ್ಲಿ ಹೆಂಗಸರು, ಮಕ್ಕಳು, ಮುದುಕರೇ ಜಾಸ್ತಿ. ಅಲ್ಲಿ ಬದುಕುಳಿದ ಒಬ್ಬ ಹುಡುಗನೇ ಈ ಮನೆತನದ ಮೂಲ. ಅವನ ಮಗ ಚಾರ್ಲ್ಸ್, ಕಾರ್ಲೈಲ್ ಎಂಬ ಶಾಲೆಗೆ ಹೋಗುತ್ತಾನೆ. ಮೂಲನಿವಾಸಿ ಮಕ್ಕಳಿಗೆ ಅಂತ 1879ರಲ್ಲಿ ಶುರುವಾದ ವಸತಿ ಶಾಲೆ ಅದು. ಬಂದ ಮಕ್ಕಳ ಜುಟ್ಟು ಕತ್ತರಿಸುತ್ತಿದ್ದರು, ಹೆಸರು ಬದಲಿಸುತ್ತಿದ್ದರು, ಮನೆಮಾತು ಆಡಿದರೆ ಶಿಕ್ಷೆ. ಮುಂದೆ ಚಾರ್ಲ್ಸ್ ಲಾಡನಮ್ ಅನ್ನೋ ಅಫೀಮು ಬೆರೆತ ಔಷಧಿಯ ಚಟಕ್ಕೆ ಬೀಳುತ್ತಾನೆ. ಇತ್ತ ನಮ್ಮ ಆರ್ವಿಲ್, ಮೊದಲ ಕಾದಂಬರಿಯ ಕೊನೆಗೆ ತಗುಲಿದ ಗುಂಡೇಟಿನ ನೋವಿಗೆ ಅಂತ ಕೊಟ್ಟ ಮಾತ್ರೆಯ ಹಿಂದೆ ಹೋಗುತ್ತಾನೆ. ಅವನು ಹೊರಬಂದನಾ? ಅದನ್ನು ನೀವೇ ಓದಿ.

ಒಂದು ದೂರು ಇದೆ. ಎರಡರಲ್ಲೂ ಪಾತ್ರಗಳು ಜಾಸ್ತಿ, ಯಾರು ಯಾರ ಮಗ ಅಂತ ತಲೆ ಕೆಡುತ್ತದೆ. ನಾನು ಒಂದು ಹಾಳೆಯಲ್ಲಿ ಸುಮ್ನೆ ವಂಶವೃಕ್ಷ ಬರೆದುಕೊಂಡೆ. ನೆನಪಿಗೆ ಇರಲಿ ಅಂತ ಹೆಸರಿನ ಪಕ್ಕ ಪೆನ್ಸಿಲ್ಲಿನಲ್ಲಿ ಒಂದೊಂದು ಪದ: ಲಾಡನಮ್, ಹೆಂಡ, ಮಾತ್ರೆ. ಆ ಹಾಳೆ ಇನ್ನೂ ಪುಸ್ತಕದೊಳಗೇ ಇದೆ.

ನಮಸ್ಕಾರ.