ನೋಡೋಕೆ ಬಂದವರಿಗೆ ಒಂದು ಕೆಲಸ ಕೊಡಿ

(ಹಾಸನದಲ್ಲಿ ಸ್ತ್ರೀಶಕ್ತಿ ಸಂಘಗಳ ಹೆಂಗಸರ ಮುಂದೆ ಆಡಿದ ಮಾತು)

ಎಲ್ಲರಿಗೂ ನಮಸ್ಕಾರ. ಭಾಷಣ ನನಗೆ ಬರಲ್ಲ ಅಂತ ಇಲ್ಲಿ ಕೂತಿರುವ ಡಾಕ್ಟರಮ್ಮನಿಗೆ ಮೊದಲೇ ಹೇಳಿದ್ದೇನೆ. ನಾನು ಬ್ಲೌಸ್ ಹೊಲಿಯುವವಳು. ಕಟ್ಟಿನಕೆರೆ ಮಾರುಕಟ್ಟೆ ಹತ್ತಿರದ ಒಂದು ಗಲ್ಲಿಯಲ್ಲಿ 28 ವರ್ಷದಿಂದ ಮಿಷನ್ ತುಳಿಯುತ್ತಿದ್ದೇನೆ. ಇಲ್ಲಿ ಕೂತಿರುವ ಎಂಟ್ಹತ್ತು ಜನರ ಅಳತೆ ನನ್ನ ಪುಸ್ತಕದಲ್ಲಿದೆ. ಹೆದರಬೇಡಿ, ಯಾರಿಗೂ ಹೇಳಲ್ಲ.

ನಮ್ಮ ಹಾಸನದವರಿಗೆ ಗೆಡ್ಡೆ ಅಂದರೆ ಆಲೂಗೆಡ್ಡೆ. ಮುಂಗಾರಿಗೆ ಹಾಕುತ್ತೇವೆ, ಅಂಗಮಾರಿ ಬಂತು ಅಂತ ಗೋಳಾಡುತ್ತೇವೆ, ಮುಂದಿನ ವರ್ಷ ಮತ್ತೆ ಹಾಕುತ್ತೇವೆ. 2019ರಲ್ಲಿ ಬಚ್ಚಲಲ್ಲಿ ಸೋಪು ಹಚ್ಚಿಕೊಳ್ಳುವಾಗ ನನ್ನ ಎಡಗಡೆ ಎದೆಯಲ್ಲಿ ಕೈಗೆ ಸಿಕ್ಕಿದ್ದೂ ಒಂದು ಗೆಡ್ಡೆ. ಗೋಲಿಯಷ್ಟಿತ್ತು. ನೋವಿರಲಿಲ್ಲ. ನೋವಿಲ್ಲವಲ್ಲ ಅಂತ ಎರಡು ತಿಂಗಳು ಸುಮ್ಮನಿದ್ದೆ. ನೋವಿಲ್ಲ ಅಂತ ಬಿಡುವ ಹಾಗಿಲ್ಲ ಅನ್ನೋದು ಆಮೇಲೆ ಗೊತ್ತಾಯಿತು. ಎದೆಯಲ್ಲಿ ಆಗುವ ಗಂಟುಗಳಲ್ಲಿ ಹೆಚ್ಚಿನವು ಕ್ಯಾನ್ಸರ್ ಆಗಿರಲ್ಲ. ಯಾವುದು ಹೌದು, ಯಾವುದು ಅಲ್ಲ ಅಂತ ಹೇಳಬೇಕಾದ್ದು ಸೂಜಿ ಪರೀಕ್ಷೆ. ಸೂಜಿ ಚುಚ್ಚಿದರೆ ಹರಡುತ್ತೆ ಅಂತ ಯಾರಾದರೂ ಹೇಳಿದರೆ ನಂಬಬೇಡಿ. ಇದನ್ನೆಲ್ಲ ಡಾಕ್ಟರಮ್ಮ ನನಗಿಂತ ಚೆನ್ನಾಗಿ ಹೇಳುತ್ತಾರೆ. ನಾನು ಹೇಳೋಕೆ ಬಂದಿದ್ದು ರಿಪೋರ್ಟ್ ಕೈಗೆ ಬಂದ ಮೇಲಿನ ಕತೆ.

ರಿಪೋರ್ಟ್ ತರಲು ಒಬ್ಬಳೇ ಹೋಗಿದ್ದೆ. ಯಾವ ಆಸ್ಪತ್ರೆ ಅನ್ನೋದು ಬೇಡ. ವರಾಂಡದಲ್ಲಿ ನಿಲ್ಲಿಸಿ, ನಾಲ್ಕು ಜನ ಓಡಾಡುವ ಕಡೆಯಲ್ಲೇ, "ಇದು ಒಳ್ಳೇ ಗೆಡ್ಡೆ ಅಲ್ಲಮ್ಮ, ಜೊತೆಗೆ ಯಾರು ಬಂದಿದ್ದಾರೆ?" ಅಂದರು. ಯಾರೂ ಬಂದಿಲ್ಲ ಅಂದೆ. ಹಾಗಿದ್ದರೆ ನಾಳೆ ಯಾರನ್ನಾದರೂ ಕರೆದುಕೊಂಡು ಬನ್ನಿ ಅಂತ ಹೇಳಿ ಹೋದರು. ನಾನು ಮನೆಗೆ ಹೋಗಲಿಲ್ಲ, ಅಂಗಡಿಗೆ ಹೋದೆ. ಮಾರನೇ ದಿನದ ಮುಹೂರ್ತಕ್ಕೆ ಒಂದು ರೇಷ್ಮೆ ಬ್ಲೌಸ್ ಕೊಡಬೇಕಿತ್ತು. ಕೂತು ಹೊಲಿದು ಮುಗಿಸಿದೆ. ಗುಂಡಿ ಹಾಕುವಾಗ ನೋಡುತ್ತೇನೆ, ಎರಡು ಕಡೆಗೂ ಎಡದ ತೋಳನ್ನೇ ಕತ್ತರಿಸಿ ಹೊಲಿದಿದ್ದೇನೆ. ಅಷ್ಟು ವರ್ಷದಲ್ಲಿ ಅಂಥ ತಪ್ಪು ಮಾಡಿದವಳಲ್ಲ. ಅಳು ಬಂದಿದ್ದು ಆಗ. ಕ್ಯಾನ್ಸರಿಗೋ ತೋಳಿಗೋ ಇವತ್ತಿಗೂ ಗೊತ್ತಿಲ್ಲ.

ಆಮೇಲೆ ಶುರುವಾಯಿತು ನೋಡಿ, ಜನ ಬರೋದು. ಒಂದು ವಾರ ಮನೆ ತುಂಬ ಮೂಸಂಬಿ, ಬ್ರೆಡ್ಡು, ಎಳನೀರು. ಬಂದವರೆಲ್ಲ ಹೇಳಿದ್ದು ಒಂದೇ ಮಾತು: "ಧೈರ್ಯವಾಗಿರಿ." ಒಂದು ದಿನ ಸುಮ್ನೆ ಎಣಿಸಿದೆ, ಸಂಜೆಯೊಳಗೆ ಹನ್ನೊಂದು ಸಲ. ಒಬ್ಬರು, "ನಮ್ಮ ಚಿಕ್ಕಮ್ಮನಿಗೂ ಇದೇ ಆಗಿತ್ತು, ಪಾಪ" ಅಂತ ಅಲ್ಲಿಗೇ ನಿಲ್ಲಿಸಿ ಕಾಫಿ ಕುಡಿದರು. ಪಾಪ ಅಂದ ಮೇಲೆ ಚಿಕ್ಕಮ್ಮನ ಕತೆ ಏನಾಯಿತು ಅಂತ ಬಿಡಿಸಿ ಕೇಳಬೇಕಾ? ಇನ್ನೊಬ್ಬರು ನನ್ನ ಮಗಳ ಮುಖ ನೋಡಿಕೊಂಡು, "ನಿಮ್ಮ ಕಡೆ ಯಾರಿಗಿತ್ತು?" ಅಂದರು. ಅವಳಿಗೆ ಆಗ ಗಂಡು ನೋಡುತ್ತಿದ್ದೆವು. ನೂರು ಜನಕ್ಕೆ ಈ ಕಾಯಿಲೆ ಬಂದರೆ 5ರಿಂದ 10 ಜನಕ್ಕೆ ಮಾತ್ರ ಅದು ಹುಟ್ಟಿನಿಂದ, ವಂಶದಿಂದ ಬಂದದ್ದು. ಈ ಮಾತು ಆವತ್ತು ನನಗೆ ಗೊತ್ತಿದ್ದಿದ್ದರೆ ಅವರಿಗೆ ಅಲ್ಲೇ ಕೊಡುತ್ತಿದ್ದೆ.

ಅವರಲ್ಲಿ ಯಾರೂ ಕೆಟ್ಟವರಲ್ಲ. ಅದು ತಿಳಿದಿದ್ದು ಹಿಂದಿನ ಮನೆಯ ಅಜ್ಜಿಯಿಂದ. ಅವರು ಬಂದು ನನ್ನ ಮುಖವನ್ನೂ ಸರಿಯಾಗಿ ನೋಡಲಿಲ್ಲ. ಸೀದಾ ಅಡುಗೆಮನೆಗೆ ಹೋಗಿ, "ಉದ್ದಿನಬೇಳೆ ನೆನೆಹಾಕಿದ್ದೀಯಲ್ಲ, ರುಬ್ಬೋರು ಯಾರು?" ಅಂದರು. ರುಬ್ಬಿಟ್ಟರು, ಪಾತ್ರೆ ತೊಳೆದರು, ಸೆರಗಿಗೆ ಕೈ ಒರೆಸಿಕೊಂಡು ಬಂದು, "ನಂಗೆ ಮಾತಾಡಕ್ಕೆ ಬರಲ್ಲ ಕಣವ್ವ, ಕೆಲ್ಸ ಇದ್ರೆ ಹೇಳು" ಅಂದು ಹೋದರು. ಆವತ್ತು ರಾತ್ರಿ ನನಗೆ ಹೊಳೆಯಿತು. ಬಂದವರಿಗೆಲ್ಲ ಕೈ ಖಾಲಿ ಇದೆ, ಅದಕ್ಕೇ ಬಾಯಿ ಮಾತಾಡುತ್ತಿದೆ. ಏನು ಮಾಡಬೇಕು ಅಂತ ಅವರಿಗೂ ತಿಳಿಯದು, ನಾನೂ ಹೇಳಿಲ್ಲ.

ಅಳತೆ ಪುಸ್ತಕದಲ್ಲೇ ಒಂದು ಹಾಳೆ ಬಿಡಿಸಿದೆ. ಒಂದು ಕಡೆ ಹೆಸರು, ಒಂದು ಕಡೆ ಕೆಲಸ. ಅಜ್ಜಿಗೆ ರುಬ್ಬೋದು. ಅಣ್ಣನ ಮಗನಿಗೆ ಕಾಗದಪತ್ರ, ಕಾರ್ಡು, ಓಡಾಟ. ನನ್ನ ನಾದಿನಿ ಸ್ವಲ್ಪ ಜೋರು. ಅವಳನ್ನು ಬಾಗಿಲಿಗೆ ಇಟ್ಟೆ. ಕೀಮೋ ಆದ ವಾರ ಯಾರು ಬಂದರೂ "ಅತ್ತಿಗೆ ಮಲಗಿದ್ದಾರೆ, ಹಣ್ಣು ಇಲ್ಲಿಡಿ" ಅಂತ ಕಳಿಸುತ್ತಿದ್ದಳು. ಅದನ್ನು ಅವಳಷ್ಟು ಚೆನ್ನಾಗಿ ಮಾಡುವವರು ಈ ಜಿಲ್ಲೆಯಲ್ಲಿಲ್ಲ. ಅಳಬೇಕು ಅನ್ನಿಸಿದಾಗ ಫೋನ್ ಮಾಡೋಕೆ ಅಂತ ಒಬ್ಬ ಗೆಳತಿಯ ಹೆಸರು ಬರೆದೆ. ಅವಳಿಗೂ ಹೇಳಿಬಿಟ್ಟೆ: ನೀನು ಸಮಾಧಾನ ಮಾಡಬೇಡ, ಫೋನ್ ಇಡಬೇಡ, ಅಷ್ಟೇ.

ನಮ್ಮ ಯಜಮಾನರಿಗೆ ಏನು ಕೆಲಸ ಕೊಡೋದು? ಅವರು ಮೊದಲೇ ಮಾತು ಕಡಿಮೆ. ಆಪರೇಷನ್ ಆದ ಮೇಲೆ ಪೂರ್ತಿ ನಿಂತೇ ಹೋಯಿತು. ಅವರಿಗೆ ಫೈಲ್ ಕೊಟ್ಟೆ. ಸ್ಕ್ಯಾನು, ಬಯಾಪ್ಸಿ, ರಕ್ತದ ರಿಪೋರ್ಟು, ಬಿಲ್ಲು, ಎಲ್ಲಕ್ಕೂ ತಾರೀಕಿನ ಪ್ರಕಾರ ನಂಬರ್ ಹಾಕಿ ಪ್ಲಾಸ್ಟಿಕ್ ಕವರಿನಲ್ಲಿ ಇಟ್ಟರು. ರಾತ್ರಿ ಎರಡು ಗಂಟೆಗೆ ಎದ್ದರೆ ಹಜಾರದಲ್ಲಿ ಲೈಟು ಉರಿಯುತ್ತಿರುತ್ತಿತ್ತು. ಕನ್ನಡಕ ಹಾಕಿಕೊಂಡು ಆ ಇಂಗ್ಲಿಷ್ ರಿಪೋರ್ಟನ್ನು ಒಂದೊಂದೇ ಅಕ್ಷರ ಕೂಡಿಸಿ ಓದುತ್ತಿದ್ದರು. ನಾನು ಮಾತಾಡಿಸದೆ ನೀರು ಕುಡಿದು ವಾಪಸ್ ಮಲಗುತ್ತಿದ್ದೆ.

ಟ್ರೀಟ್‌ಮೆಂಟ್‌ಗೆ ಬೆಂಗಳೂರಿನ ಕಿದ್ವಾಯಿಗೆ ಹೋದೆವು. ಅದು 1973ರಲ್ಲಿ ಶುರುವಾದ ಆಸ್ಪತ್ರೆ. ಇಲ್ಲಿಂದ ಚನ್ನರಾಯಪಟ್ಟಣ, ಯಡಿಯೂರು, ಕುಣಿಗಲ್, ನೆಲಮಂಗಲ ದಾಟಿ ಹೋಗೋದು, 180 ಕಿಲೋಮೀಟರ್ ಮೇಲಾಗುತ್ತೆ. ಅಲ್ಲಿಯ ಸಾಲು ನೋಡಿ ಮೊದಲು ಎದೆ ಧಸಕ್ ಅಂದಿತು. ಕಲಬುರಗಿಯವರು, ಆಂಧ್ರದವರು, ಚಿಕ್ಕಮಗಳೂರಿನವರು. ನಮ್ಮ ದೇಶದ ಹೆಂಗಸರಿಗೆ ಬರುವ ಕ್ಯಾನ್ಸರ್‌ಗಳಲ್ಲಿ ಎಲ್ಲಕ್ಕಿಂತ ಜಾಸ್ತಿ ಇದೇ. ಪ್ರಪಂಚದಲ್ಲಿ 2022 ಒಂದೇ ವರ್ಷದಲ್ಲಿ 23 ಲಕ್ಷ ಹೆಂಗಸರಿಗೆ ಬಂದಿದೆ ಅಂತ ಲೆಕ್ಕ. ಊರಿನಲ್ಲಿ ನನಗೊಬ್ಬಳಿಗೇ ಬಂದ ಹಾಗಿತ್ತು. ಆ ಬೆಂಚಿನ ಮೇಲೆ ಕೂತಾಗ ನಾನೊಬ್ಬಳೇ ಅನ್ನೋದು ಹೋಯಿತು.

ಆ ಸಾಲಿನಲ್ಲಿ ಯಾರೂ ಧೈರ್ಯವಾಗಿರಿ ಅನ್ನಲಿಲ್ಲ. "ನಿಮ್ದು ಎಷ್ಟನೇ ಕೀಮೋ?" ಅಂತ ಕೇಳಿದರು. ಮೂಡಿಗೆರೆ ಕಡೆಯ ಕಾಫಿ ತೋಟದಲ್ಲಿ ಕೆಲಸ ಮಾಡುವ ಒಬ್ಬಳು ಪಕ್ಕದಲ್ಲಿ ಕೂತಿದ್ದಳು. ನನಗಿಂತ ಎರಡು ಕೀಮೋ ಮುಂದೆ. ಅವಳು ಹೇಳಿದಳು, "ಅಕ್ಕ, ಆ ಕೆಂಪು ಔಷಧಿ ಹಾಕ್ತಾರಲ್ಲ, ಆಮೇಲೆ ಒಂದೆರಡು ದಿನ ಮೂತ್ರ ಕೆಂಪಗೆ ಹೋಗ್ತದೆ. ರಕ್ತ ಅಂದ್ಕೊಂಡು ಹೆದರ್ಬೇಡಿ." ಅವಳು ಹೇಳದಿದ್ದರೆ ಆ ರಾತ್ರಿ ಇಡೀ ಮನೆಯನ್ನು ಎಬ್ಬಿಸುತ್ತಿದ್ದೆ. ಕೂದಲು ಎರಡು ಮೂರು ವಾರಕ್ಕೆ ಉದುರುತ್ತೆ, ಮೊದಲೇ ಗಿಡ್ಡ ಮಾಡಿಸಿಬಿಡಿ, ದಿಂಬಿನ ಮೇಲೆ ಹಿಡಿ ಹಿಡಿ ನೋಡೋದು ತಪ್ಪುತ್ತೆ ಅಂದಳು. ಬಾಯಿಗೆ ಕಬ್ಬಿಣ ನೆಕ್ಕಿದ ಹಾಗಾದರೆ ಸ್ಟೀಲ್ ಚಮಚ ಬಿಟ್ಟು ಮರದ್ದು ಇಟ್ಟುಕೊಳ್ಳಿ ಅಂದಳು. ಕೀಮೋ ಮಾಡಿದವರು ಡಾಕ್ಟರು. ಕೀಮೋ ಅಂದರೆ ಹೇಗಿರುತ್ತೆ ಅಂತ ಹೇಳಿದವಳು ಇವಳು. ನನಗೆ ಇಬ್ಬರೂ ಬೇಕಾಗಿತ್ತು.

ಎರಡನ್ನೂ ಕಲೆಸಬಾರದು, ಇದನ್ನು ಮಾತ್ರ ಗಟ್ಟಿಯಾಗಿ ಹೇಳುತ್ತೇನೆ. ಅದೇ ಸಾಲಿನಲ್ಲಿ ಇನ್ನೊಬ್ಬಳಿದ್ದಳು. ಯಾರೋ ನೆಂಟರು ಪ್ರೀತಿಯಿಂದಲೇ ಹೇಳಿದರಂತೆ, ಕರೆಂಟ್ (ಅಂದರೆ ರೇಡಿಯೇಷನ್) ಕೊಟ್ಟರೆ ಸುಟ್ಟು ಹೋಗುತ್ತೀಯ, ಸೊಪ್ಪಿನ ಔಷಧಿ ಕುಡಿ ಅಂತ. ಬಿಟ್ಟು ಹೋಗಿ ಎಂಟು ತಿಂಗಳಿಗೆ ಹುಣ್ಣು ಮಾಡಿಕೊಂಡು ವಾಪಸ್ ಬಂದಿದ್ದಳು. ಆ ನೆಂಟರಿಗೂ ನಾನು ಒಂದು ಕೆಲಸ ಕೊಡುತ್ತಿದ್ದೆ: ಆಸ್ಪತ್ರೆಗೆ ಜೊತೆಯಲ್ಲಿ ಬನ್ನಿ, ಆ ಸೊಪ್ಪಿನ ಹೆಸರು ಡಾಕ್ಟರಿಗೇ ಹೇಳಿ. ಹಾಗೇ, ಕೀಮೋ ನಡೆಯುವಾಗ ಜ್ವರ 100.4 ಮುಟ್ಟಿದರೆ ಗೆಳತಿಗೆ ಫೋನ್ ಮಾಡುತ್ತಾ ಕೂರಬೇಡಿ. ರಾತ್ರಿ ಆದರೂ ಸರಿ, ಆಸ್ಪತ್ರೆಗೆ ಹೊರಡಿ.

ದುಡ್ಡಿನ ಮಾತು ಬೇಗ ಮುಗಿಸುತ್ತೇನೆ. ಬಿಪಿಎಲ್ ಕಾರ್ಡಿನವರಿಗೆ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕದಲ್ಲಿ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ ಇದೆ. ಸರಕಾರಿ ಆಸ್ಪತ್ರೆಯ ರೆಫರಲ್ ಚೀಟಿ ಬೇಕಾ ಅಂತ ಹೊರಡುವ ಮೊದಲೇ ಕೇಳಿಕೊಳ್ಳಿ. ನಾವು ಕೇಳದೆ ಹೋಗಿ ಒಂದು ದಿನ ಹಾಳು ಮಾಡಿಕೊಂಡೆವು. 2023ರ ಜೂನ್‌ನಿಂದ ಶಕ್ತಿ ಯೋಜನೆಯಲ್ಲಿ ಕೆಂಪು ಬಸ್ಸು ಹೆಂಗಸರಿಗೆ ಫ್ರೀ, ಅದು ನಿಮಗೆಲ್ಲ ಗೊತ್ತು. ರೈಲಿನದು ತುಂಬ ಜನಕ್ಕೆ ಗೊತ್ತಿಲ್ಲ. ಚಿಕಿತ್ಸೆಗೆ ಹೋಗುವ ಕ್ಯಾನ್ಸರ್ ರೋಗಿಗೆ ಸ್ಲೀಪರ್‌ನಲ್ಲಿ ಪೂರ್ತಿ ಫ್ರೀ, ಜೊತೆಗೆ ಬರುವ ಒಬ್ಬರಿಗೆ ಮುಕ್ಕಾಲು ಭಾಗ ಕಡಿಮೆ. ಆಸ್ಪತ್ರೆಯಿಂದ ಅದರ ಫಾರಂ ಬರೆಸಿಕೊಳ್ಳಬೇಕು. ಯಾರ ಹತ್ತಿರವೂ ಹೇಳಿಕೊಳ್ಳೋಕೆ ಆಗದೆ ಇದ್ದರೆ 14416ಕ್ಕೆ ಫೋನ್ ಮಾಡಬಹುದು. ಟೆಲಿ ಮಾನಸ್ ಅಂತ, 2022ರಲ್ಲಿ ಬಂದಿದ್ದು. ಕನ್ನಡದಲ್ಲೇ ಮಾತಾಡುತ್ತಾರೆ, ದುಡ್ಡಿಲ್ಲ, ರಾತ್ರಿಯೂ ಇರುತ್ತಾರೆ.

ಇನ್ನು ನನ್ನ ಕಸುಬಿನ ವಿಷಯ. ಗಾಯ ಒಣಗಿ ಮೊದಲನೇ ಸಲ ಬ್ಲೌಸ್ ಹಾಕಿದೆ. ನಾನೇ ಹೊಲಿದದ್ದು, ಎಡಗಡೆ ಜೋಲು ಬಿತ್ತು. ಸೆರಗು ನಿಲ್ಲಲ್ಲ, ಭುಜ ಒಂದು ಕಡೆ ವಾಲುತ್ತೆ. ತೆಗೆದ ಎದೆಯ ಜಾಗಕ್ಕೆ ಇಟ್ಟುಕೊಳ್ಳೋಕೆ ಸಿಲಿಕಾನ್‌ದು ಸಿಗುತ್ತೆ, ಬೆಲೆ ಕೇಳಿ ಸುಮ್ಮನಾದೆ. ಮೆತ್ತನೆ ಮಲ್ ಬಟ್ಟೆಯಲ್ಲಿ ಚೀಲ ಹೊಲಿದು, ಹತ್ತಿ ತುಂಬಿ, ತೂಕಕ್ಕೆ ಅಂತ ಒಳಗೆ ಎರಡು ಹಿಡಿ ರಾಗಿ ಹಾಕಿದೆ. ಬ್ಲೌಸಿನ ಒಳಗೆ ಒಂದು ಜೇಬು ಇಟ್ಟು ಅದರಲ್ಲಿ ಕೂರಿಸಿದೆ. ಚೆನ್ನಾಗಿ ಕೂತಿತು! ಒಂದು ಸಲ ತೆಗೆಯೋದು ಮರೆತು ಬ್ಲೌಸ್ ನೆನೆಹಾಕಿಬಿಟ್ಟೆ. ಒಗೆದು ಮಳೆಗಾಲದ ನೆರಳಲ್ಲಿ ಒಣಹಾಕಿದ್ದು ಮೂರನೇ ದಿನ ನೋಡಿದರೆ ರಾಗಿ ಮೊಳಕೆ ಬಂದಿದೆ. ಮನೆಯಲ್ಲಿ ಅಷ್ಟು ತಿಂಗಳಾದ ಮೇಲೆ ಎಲ್ಲರೂ ಹೊಟ್ಟೆ ಹಿಡಿದುಕೊಂಡು ನಕ್ಕಿದ್ದು ಆವತ್ತೇ. ಯಜಮಾನರೂ ನಕ್ಕರು. ಈಗ ರಾಗಿ ಬದಲು ಪ್ಲಾಸ್ಟಿಕ್ ಮಣಿ ಹಾಕುತ್ತೇನೆ.

ಅದು ಹೇಗೋ ಬಾಯಿಂದ ಬಾಯಿಗೆ ಹೋಗಿ ಹೆಂಗಸರು ಬರತೊಡಗಿದರು. ಆಲೂರಿನಿಂದ, ಅರಕಲಗೂಡಿನಿಂದ, ಬೇಲೂರಿನಿಂದ. ಶನಿವಾರ ಸಂಜೆ ಶಟರ್ ಅರ್ಧ ಇಳಿಸಿ ಪರದೆ ಎಳೆಯುತ್ತೇನೆ. ಐದಾರು ಜನ ಇರುತ್ತೇವೆ, ಕಾಫಿ ಇರುತ್ತೆ. ಅಳತೆ ತೆಗೆಯುವಾಗ ಆಪರೇಷನ್ ಆದ ಕಡೆಯ ತೋಳನ್ನು ತಿಂಗಳು ತಿಂಗಳು ಟೇಪಿನಲ್ಲಿ ಅಳೆದು ಬರೆದಿಡುತ್ತೇನೆ. ಕಂಕುಳ ಗಂಟು ತೆಗೆದವರಿಗೆ ಕೈ ಊದೋದು ಉಂಟು. ಇನ್ನೊಂದು ಕೈಗಿಂತ ಮುಕ್ಕಾಲು ಇಂಚು ಜಾಸ್ತಿ ಕಂಡರೆ ಬ್ಲೌಸ್ ಅಲ್ಲೇ ಇಟ್ಟು ಡಾಕ್ಟರ ಹತ್ತಿರ ಕಳಿಸುತ್ತೇನೆ. ಅಲ್ಲಿ ಏನು ಮಾತಾಡುತ್ತೇವೆ ಅಂತ ಕೇಳಬೇಡಿ. ಗಂಡಂದಿರಿಗೆ ಹೇಳದ್ದು, ಕನ್ನಡಿ ನೋಡದ್ದು, ಅತ್ತೆಯ ಮೇಲಿನ ಸಿಟ್ಟು. ಅರ್ಧ ದಿನ ಕಾಯಿಲೆ ಮಾತೇ ಬರಲ್ಲ, ಧಾರಾವಾಹಿ ಮಾತು.

ಡಾಕ್ಟರಮ್ಮ ನನಗೊಂದು ಕತೆ ಹೇಳಿದ್ದರು. ನ್ಯೂಯಾರ್ಕ್‌ನಲ್ಲಿ ಟೆರೀಸ್ ಲ್ಯಾಸರ್ ಅಂತ ಒಬ್ಬ ಹೆಂಗಸು. 1952ರಲ್ಲಿ ಎದೆ ತೆಗೆಸಿಕೊಂಡರು. ಕೈಗೆ ಏನು ವ್ಯಾಯಾಮ, ಬಟ್ಟೆ ಹೇಗೆ ಹಾಕೋದು, ಅವರಿಗೆ ಹೇಳುವವರೇ ಇರಲಿಲ್ಲ. ಆಮೇಲೆ ತಾವೇ ಆಸ್ಪತ್ರೆಗಳಿಗೆ ಹೋಗಿ ಆಪರೇಷನ್ ಆದವರ ಮಂಚದ ಪಕ್ಕ ಕೂತು ಮಾತಾಡತೊಡಗಿದರು. ವ್ಯಾಯಾಮಕ್ಕೆ ಒಂದು ಚೆಂಡು, ಒಂದು ಹಗ್ಗ ಕೊಡುತ್ತಿದ್ದರು. ಕೆಲವು ಡಾಕ್ಟರಿಗೆ ಇದು ಇಷ್ಟವಾಗಲಿಲ್ಲ. ಇವಳ್ಯಾರು ನಮ್ಮ ರೋಗಿ ಹತ್ತಿರ ಮಾತಾಡೋಕೆ ಅಂತ. ಈಗ ಎಷ್ಟೋ ದೇಶಗಳಲ್ಲಿ ಆ ಪದ್ಧತಿ ಇದೆ. ಕತೆ ಕೇಳಿ ನನಗೆ ಮೂಡಿಗೆರೆಯವಳು ನೆನಪಾದಳು.

ಇನ್ನೊಂದು ಮಾತನ್ನೂ ಅವರೇ ಹೇಳಿದ್ದು. 1989ರಲ್ಲಿ ಅಮೆರಿಕದಲ್ಲಿ ಕಾಯಿಲೆ ಹರಡಿದ್ದ 86 ಹೆಂಗಸರನ್ನು ನೋಡಿ, ಹೀಗೆ ಗುಂಪಿನಲ್ಲಿ ಕೂತು ಮಾತಾಡಿದವರು ಹೆಚ್ಚು ಕಾಲ ಬದುಕಿದರು ಅಂತ ಬರೆದರಂತೆ. ಎಲ್ಲರಿಗೂ ಖುಷಿ. 2001ರಲ್ಲಿ ಕೆನಡಾದವರು 235 ಜನರನ್ನು ನೋಡಿದರು. ಆಯಸ್ಸು ಜಾಸ್ತಿ ಆಗಲಿಲ್ಲ. ಆದರೆ ಮನಸ್ಸಿನ ಸಂಕಟ ಕಡಿಮೆಯಾಗಿತ್ತು, ನೋವು ಕಡಿಮೆ ಅನ್ನಿಸಿತ್ತು, ಅದರಲ್ಲೂ ಮೊದಲೇ ತುಂಬ ಕುಗ್ಗಿದ್ದವರಿಗೆ. ನನಗೆ ಎರಡನೆಯದೇ ಇಷ್ಟವಾಯಿತು.

ಯಾಕೆ ಅಂದರೆ ನಮ್ಮ ಶನಿವಾರದವಳು ಒಬ್ಬಳು ಎರಡು ವರ್ಷದ ಹಿಂದೆ ತೀರಿಕೊಂಡಳು. ಮಣ್ಣಿಗೆ ಹೋದಾಗ ಯಾರೋ ಹೇಳಿದರು, "ಪಾಪ, ಧೈರ್ಯ ಸಾಲಲಿಲ್ಲ" ಅಂತ. ನನಗೆ ಮೈಯೆಲ್ಲ ಉರಿದುಹೋಯಿತು. ನಮ್ಮೆಲ್ಲರಲ್ಲಿ ಗಟ್ಟಿಗಿತ್ತಿ ಅವಳು. ಬೋಳು ತಲೆಯಲ್ಲೇ ಹಾಸನಾಂಬೆಯ ಬಾಗಿಲು ತೆಗೆದಾಗ ಸಾಲಿನಲ್ಲಿ ಆರು ಗಂಟೆ ನಿಂತವಳು. ಧೈರ್ಯದಿಂದ ವಾಸಿಯಾಗುತ್ತೆ ಅಂತ ಹೇಳಿ ಹೇಳಿ, ವಾಸಿಯಾಗದವರ ತಲೆ ಮೇಲೆ ತಪ್ಪು ಹೊರಿಸಿಬಿಡುತ್ತೇವೆ, ಅಲ್ವಾ? ಅವಳು ಕೊನೆಯ ತಿಂಗಳು ನನಗೆ ಕೊಟ್ಟ ಕೆಲಸ ಮಗಳ ಸ್ಕೂಲ್ ಯೂನಿಫಾರಂ. ಎರಡು ಜೊತೆ ಹೊಲಿಸಿದಳು, ಉದ್ದ ಬಿಡೋಕೆ ಕೆಳಗೆ ನಾಲ್ಕು ಇಂಚು ಮಡಿಸಿ ಅಂದಳು. ಇಷ್ಟು ಯಾರೂ ಮಡಿಸಲ್ಲ ಕಣೆ ಅಂದೆ. ಮಡಿಸಿ ಅಕ್ಕ ಅಂದಳು. ಈ ಜೂನ್‌ನಲ್ಲಿ ಆ ಹುಡುಗಿ ಬಂದಿದ್ದಳು, ಎರಡು ಇಂಚು ಬಿಚ್ಚಿಕೊಟ್ಟೆ. ಇನ್ನೂ ಎರಡು ಇಂಚು ಇದೆ.

ಈಗ ಡಾಕ್ಟರಮ್ಮ ಮಾತಾಡುತ್ತಾರೆ, ಕೈಯಲ್ಲಿ ಪರೀಕ್ಷೆ ಮಾಡಿಕೊಳ್ಳೋದು ತೋರಿಸುತ್ತಾರೆ, ಎದ್ದು ಹೋಗಬೇಡಿ. ನಾನು ಹಿಂದೆ, ಆ ಕಿಟಕಿ ಪಕ್ಕ ಕೂತಿರುತ್ತೇನೆ. ಚೀಲದಲ್ಲಿ ಮೂರು ಅಳತೆಯ ಮಾದರಿ ತಂದಿದ್ದೇನೆ. ಬೇಕಾದವರು ಮುಟ್ಟಿ ನೋಡಬಹುದು. ಮಣಿಯದ್ದೇ, ಮೊಳಕೆ ಬರಲ್ಲ.