ಕೊತೊಕೊ ಕೈಬಿಟ್ಟ ಹೊತ್ತು: ‘ಇತಾಜುರಾ ನಾ ಕಿಸ್’ ಬಗ್ಗೆ ಮಾತು

ಎಲ್ರಿಗೂ ನಮಸ್ಕಾರ. ಇವತ್ತು ಮಾತಾಡೋಕೆ ಹೊರಟಿರೋದು ಒಂದು ಹಳೇ ಜಪಾನಿ ಮಾಂಗಾ, ಅಂದ್ರೆ ಕಾಮಿಕ್ಸ್ ಬಗ್ಗೆ, ‘ಇತಾಜುರಾ ನಾ ಕಿಸ್’. ತಾದಾ ಕಾವೊರು ಅನ್ನೋ ಹೆಣ್ಮಗಳು 1990ರಲ್ಲಿ ಶೂಯೆಶಾದವರ ‘ಬೆಸ್ಸಾತ್ಸು ಮಾರ್ಗರೆಟ್’ ಅನ್ನೋ ಮಾಸಪತ್ರಿಕೇಲಿ ಶುರು ಮಾಡಿದ್ದು, 1999ರವರೆಗೂ ಬಂತು, ಪುಸ್ತಕವಾಗಿ 23 ಸಂಪುಟ. ನಿಮ್ಮಲ್ಲಿ ಎಷ್ಟೋ ಜನ ಮಾಂಗಾ ಓದಿಲ್ದೇ ಇದ್ರೂ ಕಥೆ ನೋಡಿರ್ತೀರ, ಯಾಕಂದ್ರೆ 2010ರ ಕೊರಿಯನ್ ಸೀರಿಯಲ್ ‘ಪ್ಲೇಫುಲ್ ಕಿಸ್’ ಇದೇ ಕಥೆ, ಅದಕ್ಕೂ ಮುಂಚೆ 2005ರಲ್ಲಿ ತೈವಾನ್‌ನವರು ಮಾಡಿದ್ರು, ಜಪಾನಲ್ಲೇ 1996ರಲ್ಲಿ ಒಂದ್ಸಲ 2013ರಲ್ಲಿ ಇನ್ನೊಂದ್ಸಲ, 2015ರಲ್ಲಿ ಥಾಯ್ಲೆಂಡ್, ಹಿಂಗೆ ಏಷ್ಯಾ ತುಂಬಾ ಈ ಹುಡುಗಿ ಓಡಾಡಿದಾಳೆ.

ಹುಡುಗಿ ಹೆಸರು ಐಹಾರಾ ಕೊತೊಕೊ. ತೋನಾನ್ ಹೈಸ್ಕೂಲಲ್ಲಿ ಕೊನೇ ಸೆಕ್ಷನ್, ಎಫ್ ಕ್ಲಾಸು. ಅವಳು ಇಷ್ಟಪಡೋ ಹುಡುಗ ಇರಿಯೆ ನಾವೊಕಿ, ಎ ಕ್ಲಾಸು, ಐಕ್ಯೂ 200, ನೋಡೋಕೆ ಚೆಂದ, ಮನಸ್ಸು ಮಾತ್ರ ಐಸು. ಒಂದಿನ ಧೈರ್ಯ ಮಾಡಿ ಲವ್ ಲೆಟರ್ ಕೊಡೋಕೆ ಹೋಗ್ತಾಳೆ, ಅವನು ‘ಬೇಡ’ ಅಂದ್ಬಿಟ್ಟು ಹೋಗ್ತಾ ಇರ್ತಾನೆ. ಅಷ್ಟೇ, ಒಂದೇ ಮಾತು. (ಕೊರಿಯನ್ ಸೀರಿಯಲಲ್ಲಿ ಲೆಟರ್‌ನಲ್ಲಿರೋ ತಪ್ಪೆಲ್ಲಾ ತಿದ್ದಿ ಗ್ರೇಡ್ ಹಾಕಿ ವಾಪಸ್ ಕೊಡ್ತಾನೆ, ಅದು ಇನ್ನೂ ಉರಿಯುತ್ತೆ.) ಆಮೇಲೆ ಒಂದು ಸಣ್ಣ ಭೂಕಂಪಕ್ಕೆ ಕೊತೊಕೊ ಮನೆ ಕುಸಿದುಹೋಗುತ್ತೆ, ಅವಳೂ ಅವಳಪ್ಪನೂ ಅಪ್ಪನ ಹಳೇ ಗೆಳೆಯರ ಮನೇಲಿ ಇರೋಕೆ ಹೋಗ್ತಾರೆ, ಹೋಗಿ ನೋಡಿದ್ರೆ ಅದು ನಾವೊಕಿ ಮನೆ. ಅವರಮ್ಮನಿಗೋ ಹೆಣ್ಣು ಮಗು ಬೇಕು ಅಂತ ಎಷ್ಟು ಆಸೆ ಇತ್ತಂದ್ರೆ ನಾವೊಕಿ ಚಿಕ್ಕವನಿದ್ದಾಗ ಹುಡುಗಿ ಬಟ್ಟೆ ಹಾಕಿ ಸಾಕಿದ್ರಂತೆ, ಆ ಫೋಟೋ ಕೊತೊಕೊ ಕೈಗೆ ಸಿಕ್ಕಿ ಅದನ್ನೇ ಇಟ್ಕೊಂಡು ಹೆದರಿಸಿ ಅವನ ಹತ್ರ ಪಾಠ ಹೇಳಿಸ್ಕೋತಾಳೆ.

ಈಗ ಈ ಹುಡುಗಿ ಮೇಲಿರೋ ದೂರು ನಿಮಗೆಲ್ಲಾ ಗೊತ್ತು. ಸ್ವಾಭಿಮಾನ ಇಲ್ಲ, ಬೈಸ್ಕೊಂಡ್ರೂ ಹಿಂದೆ ಹೋಗ್ತಾಳೆ, ಅವನು ಟೆನಿಸ್ ಕ್ಲಬ್ ಸೇರಿದ್ರೆ ಇವಳೂ ಸೇರ್ತಾಳೆ, ಇದೇ ಕೆಲಸ ಒಬ್ಬ ಹುಡುಗ ಮಾಡಿದ್ರೆ ನಾವು ಒಪ್ತಿದ್ವಾ ಅಂತ. ಸರಿಯಾದ ಪ್ರಶ್ನೆ ಇದು, ತಳ್ಳಿಹಾಕೋಕಾಗಲ್ಲ, ಅದ್ರಲ್ಲೂ ಹೀರೋ ಹೀರೋಯಿನ್ ಹಿಂದೆ ಬಿದ್ದು ಕೊನೆಗೆ ಒಪ್ಪಿಸೋ ಸಿನಿಮಾಗಳನ್ನ ನೋಡ್ಕೊಂಡೇ ಬೆಳೆದಿರೋ ನಾವು ಈ ಪ್ರಶ್ನೆ ಕೇಳಲೇಬೇಕು. ಆದ್ರೆ ಉತ್ತರಕ್ಕೆ ಮಾಂಗಾನ ಸ್ವಲ್ಪ ನಿಧಾನಕ್ಕೆ ಓದ್ಬೇಕು, ಯಾಕಂದ್ರೆ ನನ್ನ ಪ್ರಕಾರ ಈ ಕಥೆ ಮುಂದೆ ಹೋಗೋದು ಕೊತೊಕೊ ಅವನ ಬೆನ್ನು ಹತ್ತಿದಾಗ ಅಲ್ಲ, ಇವನು ನನಗೆ ಬೇಡ ಅಂತ ಕೈಬಿಟ್ಟಾಗ.

ಮೊದಲ್ನೇ ಕಿಸ್ ತಗೊಳ್ಳಿ. ಹೈಸ್ಕೂಲ್ ಮುಗಿದ ದಿನದ ಪಾರ್ಟಿ, ಇಬ್ಬರಿಗೂ ಜಗಳ ಆಗುತ್ತೆ, ಸಾಕಾಗಿ ಕೊತೊಕೊ ಹೇಳ್ತಾಳೆ, ಇನ್ಮೇಲೆ ನಿನ್ನನ್ನ ಮರೀತೀನಿ, ಬೇರೆ ಒಳ್ಳೆ ಹುಡುಗನ್ನ ನೋಡ್ಕೋತೀನಿ ಅಂತ. ಇಷ್ಟು ದಿನ ಬೇಡ ಬೇಡ ಅಂತಿದ್ದ ಹುಡುಗ ಆಗ ಏನ್ಮಾಡ್ಬೇಕು, ನೆಮ್ಮದಿ ಆಯ್ತು ಅಂತ ಹೋಗ್ಬೇಕಲ್ವಾ? ಅವನು ಮರೆಯೋದಾದ್ರೆ ಮರಿ ನೋಡೋಣ ಅನ್ನೋ ಥರ ಅವಳಿಗೆ ಮುತ್ತಿಟ್ಟು, ನಾಲಿಗೆ ಚಾಚಿ ಅಣಕಿಸಿ ಹೋಗ್ತಾನೆ. ಅಸಹ್ಯವಾದ ನಡತೆ, ನಾನು ಒಪ್ಪಲ್ಲ, ಆದ್ರೆ ಆ ಪ್ಯಾನೆಲಲ್ಲಿ ಗೊತ್ತಾಗುತ್ತೆ ಯಾರು ಯಾರಿಗೆ ಅಂಟಿಕೊಂಡಿರೋದು ಅಂತ. ಅವಳ ಹುಚ್ಚು ಎಲ್ಲರ ಕಣ್ಣಿಗೂ ಕಾಣುತ್ತೆ, ಅವನದು ಅವನಿಗೇ ಕಾಣಲ್ಲ. ಆಮೇಲೊಂದ್ಸಲ ಅವಳು ನಿದ್ದೇಲಿದ್ದಾಗ ಮುತ್ತಿಡ್ತಾನೆ, ಅದು ಅವಳಿಗೆ ಗೊತ್ತೇ ಆಗಲ್ಲ, ಅವನ ಪುಟ್ಟ ತಮ್ಮ ಯೂಕಿ ಮಾತ್ರ ನೋಡಿಬಿಡ್ತಾನೆ.

ಇನ್ನೊಂದು ಸೀನು ಮಳೆದು. ನಾವೊಕಿ ಅಪ್ಪನಿಗೆ ಹಾರ್ಟ್ ಪ್ರಾಬ್ಲಮ್ ಆಗಿ, ಕಂಪನಿ ಕಷ್ಟದಲ್ಲಿದ್ದು, ಅದನ್ನ ಉಳಿಸೋಕೆ ಇವನು ಸಾಹೊಕೊ ಅನ್ನೋ ದೊಡ್ಡ ಮನೆತನದ ಹುಡುಗೀನ ನೋಡೋಕೆ ಒಪ್ಕೊಂಡಿರ್ತಾನೆ. ಸಾಹೊಕೊ ಕೆಟ್ಟವಳಲ್ಲ, ಚೆಂದ, ಓದಿದವಳು, ತೂಕದ ಮಾತು, ಬೈಯೋಕೂ ಒಂದು ಕಾರಣ ಸಿಗದೇ ಇರೋದೇ ಕೊತೊಕೊಗೆ ಹೆಚ್ಚು ನೋವು. ಅವಳು ಜಗಳ ಆಡಲ್ಲ, ಮದುವೆ ಕೆಡಿಸೋಕೆ ಹೋಗಲ್ಲ, ಸುಮ್ನೆ ಹಿಂದೆ ಸರೀತಾಳೆ. ಅದೇ ಟೈಮಿಗೆ ಕಿನ್‌ಚಾನ್, ಅಂದ್ರೆ ಕಿನ್ನೊಸುಕೆ, ಹೈಸ್ಕೂಲಿಂದ ಅವಳನ್ನೇ ಇಷ್ಟಪಟ್ಟು ಅವಳಪ್ಪನ ಹೋಟ್ಲಲ್ಲಿ ಅಡುಗೆ ಕಲೀತಿರೋ ಹುಡುಗ, ಮದುವೆ ಆಗ್ತೀಯಾ ಅಂತ ಕೇಳ್ತಾನೆ. ಅವಳು ಹೂಂ ಅನ್ನೋ ಹಂತಕ್ಕೇ ಬಂದಿರ್ತಾಳೆ, ಇಷ್ಟು ವರ್ಷ ನನ್ನನ್ನ ಪ್ರೀತಿಸಿದಾನೆ, ಅವನ್ನ ಮದುವೆ ಆಗೋದ್ರಲ್ಲಿ ಏನು ತಪ್ಪು ಅಂತ. ಆ ಮಳೆ ರಾತ್ರಿ ನಾವೊಕಿ ಎದುರು ಅದನ್ನೇ ಹೇಳಿದಾಗ ಅವನು ಸಿಡೀತಾನೆ, ನಿನಗೆ ನಾನು ಬಿಟ್ರೆ ಬೇರೆ ಯಾರೂ ಇಷ್ಟ ಆಗೋಕೆ ಸಾಧ್ಯ ಇಲ್ಲ ಅಂತಾನೆ, ಮುತ್ತಿಟ್ಟು, ನನ್ನ ಬಿಟ್ಟು ಬೇರೆಯವರನ್ನ ಇಷ್ಟಪಡ್ತೀನಿ ಅಂತ ಹೇಳ್ಬೇಡ ಅಂತ ಕೇಳ್ಕೋತಾನೆ. ಮನೆಗೆ ಹೋದವನೇ ಅವಳಪ್ಪನ ಮುಂದೆ ಕೂತು ನಿಮ್ಮ ಮಗಳನ್ನ ಮದುವೆ ಆಗ್ತೀನಿ ಅಂತಾನೆ. ಇಡೀ ಮಾಂಗಾದಲ್ಲಿ ಬೇಡೋ ಸ್ಥಾನದಲ್ಲಿ ಅವನಿರೋದು ಇಲ್ಲಿ, ಮತ್ತೆ ಅದು ಬಂದಿದ್ದು ಅವಳು ಬೇಡೋದನ್ನ ನಿಲ್ಲಿಸಿದ್ಮೇಲೆ.

ಹುಚ್ಚು ಪ್ರೀತಿಯ ಹೀರೋಯಿನ್ ಅಂದ್ರೆ ಈಗಿನವರಿಗೆ ಥಟ್ಟಂತ ನೆನಪಾಗೋದು ಯಾಂದೆರೆ, ಅಂದ್ರೆ ಪ್ರೀತಿಗಾಗಿ ಹಿಂಸೆಗೂ ಇಳಿಯೋ ಪಾತ್ರ, ಅದ್ರಲ್ಲೂ ಗಸಾಯಿ ಯೂನೊ. ಅವಳಿರೋ ಮಾಂಗಾ ಎಸುನೊ ಸಾಕಾಯೆ ಅವರ ‘ಮಿರಾಯ್ ನಿಕ್ಕಿ’, 2006ರಿಂದ 2010. ಯೂನೊ ಹತ್ರ ಮುಂದಾಗೋದನ್ನ ಹೇಳೋ ಡೈರಿ ಇದೆ, ಅದ್ರಲ್ಲಿ ಅವಳು ಪ್ರೀತಿಸೋ ಯುಕಿತೆರು ಏನ್ಮಾಡ್ತಾನೆ ಅಂತ ಹತ್ತತ್ತು ನಿಮಿಷಕ್ಕೆ ಬರೆದಿರುತ್ತೆ, ಅವನಿಗಾಗಿ ಕೊಲೆ ಮಾಡೋಕೂ ಹಿಂದೆಮುಂದೆ ನೋಡಲ್ಲ. ಆ ಮಾಂಗಾ ನನಗೂ ಇಷ್ಟ, ಆದ್ರೆ ಅಲ್ಲಿ ಪ್ರೀತಿ ಬೆಳೆದಷ್ಟೂ ಪ್ರಪಂಚ ಸಣ್ಣದಾಗ್ತಾ ಹೋಗಿ ಕೊನೆಗೆ ಇಬ್ಬರೇ ಉಳೀಬೇಕು. ಕೊತೊಕೊದು ಉಲ್ಟಾ. ಅವಳ ಪ್ರೀತಿಗೆ ಅತ್ತೆ ಸಿಕ್ತಾರೆ, ಮೂತಿ ತಿರುಗಿಸ್ತಿದ್ದ ಯೂಕಿ ನಿಧಾನಕ್ಕೆ ಅವಳ ಕಡೆಯವನಾಗ್ತಾನೆ, ನಾವೊಕಿಗೇ ಆಸೆಪಟ್ಟಿದ್ದ ಮಾತ್ಸುಮೊತೊ ಯೂಕೊ ಕೂಡ ಕಥೆಯೊಳಗೇ ಉಳೀತಾಳೆ, ಯಾರನ್ನೂ ಆಚೆ ಹಾಕಲ್ಲ.

ಮದುವೆ ಹೆಚ್ಚುಕಮ್ಮಿ ಅರ್ಧದಾರೀಲೇ ಆಗಿಬಿಡುತ್ತೆ. ಶೋಜೋ, ಅಂದ್ರೆ ಹುಡುಗೀರಿಗಂತ ಬರೆಯೋ ಮಾಂಗಾಗಳಲ್ಲಿ ಬಹಳಷ್ಟು ಪ್ರಪೋಸ್ ಆದ ಕೂಡ್ಲೇ ಮುಗಿಯುತ್ತೆ, ತಾದಾ ಕಾವೊರು ನಿಲ್ಲಿಸ್ಲಿಲ್ಲ. ನನಗೆ ಈ ಎರಡ್ನೇ ಅರ್ಧನೇ ಹೆಚ್ಚು ಇಷ್ಟ, ಇಲ್ಲಿ ನಗು ಸ್ವಲ್ಪ ಕಮ್ಮಿ ಆದ್ರೂ. ಇನ್ಮೇಲೆ ಹಿಂದೆ ಬೀಳೋಕೆ ಏನಿಲ್ಲ, ಸಿಕ್ಕಿದಾನಲ್ಲ, ಆದ್ರೆ ಅವಳೊಳಗಿನ ಆ ಹಠ ಎಲ್ಲಿ ಹೋಗ್ಬೇಕು? ಎಲ್ಲಾ ಬರ್ತಿದ್ರೂ ಏನು ಬೇಕು ಅಂತ ಗೊತ್ತಿಲ್ಲದಿದ್ದ ನಾವೊಕಿ ಡಾಕ್ಟರ್ ಆಗೋ ದಾರಿ ಹಿಡಿದಿರ್ತಾನೆ, ಇವಳು ಅವನ ಪಕ್ಕ ನಿಂತು ಕೆಲಸ ಮಾಡ್ಬೇಕು ಅಂತ ಸಾಹಿತ್ಯ ವಿಭಾಗ ಬಿಟ್ಟು ನರ್ಸಿಂಗ್ ಸೇರ್ತಾಳೆ. ಕಾರಣ ಗಂಡನೇ, ಅದನ್ನ ಮುಚ್ಚಿಡೋದೂ ಇಲ್ಲ. ಸೂಜಿ ಚುಚ್ಚೋಕೆ ಬರಲ್ಲ, ಪರೀಕ್ಷೆ ಅಂದ್ರೆ ನಡುಕ, ಆದ್ರೂ ಬಿಡಲ್ಲ, ನರ್ಸ್ ಆಗೇ ಆಗ್ತಾಳೆ. ಲೆಟರ್ ಕೊಟ್ಟ ದಿನ ಎಲ್ಲರೂ ನಕ್ಕಿದ್ದು ಯಾವ ಹಠಕ್ಕೋ ಇಲ್ಲಿ ರೋಗಿಗಳ ಮಂಚದ ಪಕ್ಕ ಕೆಲಸಕ್ಕೆ ಬರೋದೂ ಅದೇ ಹಠ, ನಾವೊಕಿ ಬುದ್ಧಿವಂತಿಕೆಯಿಂದ ಬರೋ ಅಂಥದ್ದಲ್ಲ ಅದು, ಅವನಿಗೆ ಯಾವತ್ತೂ ಯಾವುದಕ್ಕೂ ಎರಡ್ನೇ ಸಲ ಪ್ರಯತ್ನ ಮಾಡೋ ಅಗತ್ಯನೇ ಬಿದ್ದಿಲ್ಲ.

ನನಗೆ ಈ ಮಾಂಗಾದಲ್ಲಿ ತಕರಾರಿರೋದು ನಾವೊಕಿ ಬಗ್ಗೆ. ಮದುವೆ ಆದ್ಮೇಲೂ ಅವನ ಬಾಯಿಂದ ಒಳ್ಳೆ ಮಾತು ಬರೋಕೆ ಎಷ್ಟು ಅಧ್ಯಾಯ ಕಾಯ್ಬೇಕು! ಅದು ಲೇಖಕಿಗೂ ಗೊತ್ತಿತ್ತು ಅನ್ಸುತ್ತೆ, ಅದಕ್ಕೇ ಕೇಯ್ತಾ ಅನ್ನೋ ನರ್ಸಿಂಗ್ ಸಹಪಾಠೀನ ತಂದ್ರು. ನಿನ್ನ ಗಂಡ ನಿನ್ನನ್ನ ಸರಿಯಾಗಿ ನೋಡ್ಕೋತಿಲ್ಲ ಅಂತ ನಾವು ಓದುಗರು ಮನಸ್ಸಲ್ಲೇ ಬೈತಿದ್ದಿದ್ದನ್ನ ಅವನು ಬಾಯಿಬಿಟ್ಟು ಹೇಳ್ತಾನೆ, ಅವಳನ್ನ ಇಷ್ಟಪಡ್ತೀನಿ ಅಂತಲೂ ಹೇಳ್ತಾನೆ. ನಾವೊಕಿಗೆ ಹೊಟ್ಟೆಕಿಚ್ಚು ಶುರುವಾಗುತ್ತೆ, ಆದ್ರೆ ಅದು ಹೊಟ್ಟೆಕಿಚ್ಚು ಅಂತ ಗುರುತು ಹಿಡಿಯೋಕೇ ಆ ಜೀನಿಯಸ್‌ಗೆ ಎಷ್ಟೋ ದಿನ ಬೇಕಾಗುತ್ತೆ, ಅಷ್ಟ್ರಲ್ಲಿ ಹೆಂಡ್ತೀನ ಅಳಿಸಿರ್ತಾನೆ. ಕೊನೆಗೆ ಒಪ್ಕೋತಾನೆ, ನನಗೆ ಹೊಟ್ಟೆಕಿಚ್ಚಾಗಿತ್ತು, ನೀನಿಲ್ದೇ ಆಗಲ್ಲ ಅಂತ. ಸಾಲಲ್ಲ ಅನ್ನೋರಿದ್ದಾರೆ, ನಾನೂ ಅವರ ಜೊತೆಗೇ, ಅವನು ಇನ್ನೂ ಎಷ್ಟೋ ಮೊದಲೇ ಬಾಯಿ ಬಿಡ್ಬೇಕಿತ್ತು.

ಈ ಕಥೆ ಲೇಖಕಿ ಕೈಲಿ ಮುಗೀಲಿಲ್ಲ. 1999ರ ಮಾರ್ಚಲ್ಲಿ, ಮನೆ ಬದಲಾಯಿಸೋ ಹೊತ್ತಲ್ಲಿ ತಲೆಗೆ ಏಟು ಬಿದ್ದು, ಮೆದುಳಲ್ಲಿ ರಕ್ತಸ್ರಾವ ಆಗಿ ತಾದಾ ಕಾವೊರು ತೀರ್ಕೊಂಡ್ರು, 38 ವರ್ಷ. ಎಂಬತ್ತರ ದಶಕದಲ್ಲಿ ‘ಆಯ್‌ಶಿತೆ ನೈಟ್’ ಬರೆದು ಆಗ್ಲೇ ಹೆಸರು ಮಾಡಿದ್ರು, ಅದರ ಅನಿಮೆ, ಅಂದ್ರೆ ಕಾರ್ಟೂನ್ ಸೀರಿಯಲ್, ಇಟಲೀಲೂ ಮನೆಮಾತಾಗಿತ್ತು, ಇನ್ನೂ ಎಷ್ಟು ಬರೀತಿದ್ರೋ ಅನ್ಸುತ್ತೆ. 2008ರಲ್ಲಿ ‘ಇತಾಜುರಾ ನಾ ಕಿಸ್’ದೇ 25 ಎಪಿಸೋಡಿನ ಅನಿಮೆ ಬಂದಾಗ, ಅವರು ಗಂಡನ ಹತ್ರ ಹೇಳ್ಕೊಂಡಿದ್ದ ಯೋಚನೆಗಳನ್ನ ಇಟ್ಕೊಂಡು ಕಥೆಗೊಂದು ಕೊನೆ ಕೊಟ್ರು.

ಮಾಂಗಾ ಇಂಗ್ಲಿಷಲ್ಲೂ ಬಂದಿದೆ, ಎರಡೆರಡು ಸಂಪುಟ ಒಟ್ಟಿಗೆ ಸೇರಿಸಿ. ಮೊದಲ ಸಂಪುಟಗಳ ಚಿತ್ರ ಸ್ವಲ್ಪ ಹಳೇ ಕಾಲದ್ದು ಅನ್ಸಬಹುದು, ಅಲ್ಲಿಗೇ ಬಿಡ್ಬೇಡಿ, ಮಳೆ ಸೀನ್ ತನಕನಾದ್ರೂ ಹೋಗಿ. ಅನಿಮೆ ಆಮೇಲೆ ನೋಡಿ, ಮೊದಲೇ ನೋಡಿದ್ರೆ ಮದುವೆ ಆದ್ಮೇಲಿನ ಕಥೆ ಓಡಿಹೋದಂಗೆ ಅನ್ಸುತ್ತೆ, ನರ್ಸಿಂಗ್ ಕಲಿಯೋ ಆ ನಿಧಾನದ ಒದ್ದಾಟ ಮಾಂಗಾದಲ್ಲೇ ಓದ್ಬೇಕು. ಇನ್ನು ನಿಮ್ಮ ಪ್ರಶ್ನೆ ಕೇಳಿ, ನಾವೊಕಿ ಪರ ಮಾತಾಡೋರು ಇದ್ರೆ ಅವರಿಂದಲೇ ಶುರು ಮಾಡೋಣ.