ಸೈಲೆನ್ಸರ್ ಸಿಡಿಯುವುದೇಕೆ? ಟರ್ಬೊ ಜಿಡಿಐ ಕಾರುಗಳ ಸದ್ದು, ಬೆಂಕಿ ಮತ್ತು ನಮ್ಮ ಘಾಟಿಗಳು

(ಶಿರಸಿಯಲ್ಲಿ ಗ್ಯಾರೇಜ್ ಕೆಲಸಗಾರರು ಮತ್ತು ಕಾರು ಮಾಲೀಕರ ಎದುರು ನೀಡಿದ ಉಪನ್ಯಾಸದ ಪಠ್ಯ)

ಎಲ್ಲರಿಗೂ ನಮಸ್ಕಾರ.

ದೇವಿಮನೆ ಘಾಟಿ ಇಳಿಯುವಾಗ ಮುಂದಿನ ಕಾರಿನ ಸೈಲೆನ್ಸರ್ ಪಟಪಟ ಸಿಡಿಯುವುದು ಈಗ ಅಪರೂಪವಲ್ಲ. ಕತ್ತಲಾದ ಮೇಲೆ ಕೆಲವು ಕಾರುಗಳ ಹಿಂದೆ ಗೇಣುದ್ದ ಬೆಂಕಿಯೂ ಕಾಣುತ್ತದೆ. ಕೆಲವರು ಇದನ್ನು ಎಂಜಿನ್ನಿನ ಶಕ್ತಿ ಎಂದುಕೊಳ್ಳುತ್ತಾರೆ, ಕೆಲವರು ಕಾರು ಕೆಟ್ಟಿತೆಂದು ಗ್ಯಾರೇಜಿಗೆ ತರುತ್ತಾರೆ. ಇಬ್ಬರಿಗೂ ನಾನು ಹೇಳಬೇಕಾದ್ದು ಒಂದೇ. ಟರ್ಬೊ (ಹೊರಹೋಗುವ ಹೊಗೆಯಿಂದ ತಿರುಗಿ ಎಂಜಿನ್ನಿಗೆ ಹೆಚ್ಚು ಗಾಳಿ ಒತ್ತುವ ಟರ್ಬೈನ್) ಇರುವ ಡೈರೆಕ್ಟ್ ಇಂಜೆಕ್ಷನ್ ಪೆಟ್ರೋಲ್ ಕಾರಿನ, ಅಂದರೆ ಟರ್ಬೊ ಜಿಡಿಐ ಕಾರಿನ, ಸೈಲೆನ್ಸರ್ ಸುಮ್ಮನೆ ಸಿಡಿಯುವುದಿಲ್ಲ. ಒಂದೋ ಎಂಜಿನ್ನಿನ ಕಂಪ್ಯೂಟರ್ ಆದ ಇಸಿಯುವಿನಲ್ಲಿ ಹಾಗೆ ಬರೆದಿಟ್ಟಿರುತ್ತದೆ, ಇಲ್ಲವೇ ಎಲ್ಲೋ ಸೋರಿಕೆ ಇರುತ್ತದೆ, ಇಲ್ಲವೇ ಕಿಡಿ ತಪ್ಪುತ್ತಿರುತ್ತದೆ. ಯಾವುದೆಂದು ಕಂಡುಹಿಡಿಯದೆ ಬಿಚ್ಚಲು ಕೈ ಹಾಕಬಾರದು.

ಅಂಬಾಸಡರ್, ಪ್ರೀಮಿಯರ್ ಪದ್ಮಿನಿಗಳ ಕಾಲದಲ್ಲಿ ಸಂಗತಿ ಬೇರೆ ಇತ್ತು. ಕಾರ್ಬ್ಯುರೇಟರಿನಿಂದ ಹೊರಟ ಪೆಟ್ರೋಲ್ ಇನ್‌ಟೇಕ್ ಮ್ಯಾನಿಫೋಲ್ಡಿನ ಗೋಡೆಗೆ ತೆಳ್ಳಗೆ ಅಂಟಿಕೊಂಡಿರುತ್ತಿತ್ತು. ಆಕ್ಸಿಲರೇಟರಿನಿಂದ ಕಾಲು ತೆಗೆದ ಕೂಡಲೇ ಒಳಗೆ ವ್ಯಾಕ್ಯೂಮ್ ಏರಿ, ಆ ಪದರ ಆವಿಯಾಗಿ, ಸಿಲಿಂಡರಿನಲ್ಲಿ ಅರೆಬರೆ ಉರಿದು ಸೈಲೆನ್ಸರ್ ಸೇರುತ್ತಿತ್ತು. ಅಲ್ಲಿ ಸಿಡಿಯುತ್ತಿತ್ತು. ಇನ್‌ಟೇಕ್ ವಾಲ್ವಿನ ಬಳಿ ಪೆಟ್ರೋಲ್ ಚಿಮ್ಮಿಸುವ ಪೋರ್ಟ್ ಇಂಜೆಕ್ಷನ್ ಬಂದ ಮೇಲೆ ಆ ಪದರ ಕಡಿಮೆಯಾಯಿತು. ಜಿಡಿಐಯಲ್ಲಿ ಅದು ಇಲ್ಲವೇ ಇಲ್ಲ. ಪೋರ್ಟ್ ಇಂಜೆಕ್ಷನ್ನಿನ ಒತ್ತಡ ಮೂರು-ನಾಲ್ಕು ಬಾರ್. ಇಲ್ಲಿ ಲೋಡಿನಲ್ಲಿ 200ರಿಂದ 350 ಬಾರ್ ಒತ್ತಡದಿಂದ ಪೆಟ್ರೋಲ್ ನೇರ ಸಿಲಿಂಡರಿನೊಳಕ್ಕೆ ಚಿಮ್ಮುತ್ತದೆ. ಇಂಜೆಕ್ಟರಿಗೆ ಹೋಗುವ ಪಲ್ಸ್ ನಿಂತರೆ ಅಲ್ಲಿಗೆ ಇಂಧನವೂ ನಿಂತಿತು. ಫೋಕ್ಸ್‌ವ್ಯಾಗನ್-ಸ್ಕೋಡಾಗಳ ಟಿಎಸ್‌ಐ, ಹ್ಯುಂಡೈ-ಕಿಯಾಗಳ ಟರ್ಬೊ ಜಿಡಿಐ, ಮಹೀಂದ್ರಾದ ಟಿಜಿಡಿಐ, ಮಾರುತಿಯ ಬೂಸ್ಟರ್‌ಜೆಟ್ ಇವೆಲ್ಲ ಈ ಜಾತಿಯವು. ಟರ್ಬೊ ಇದ್ದದ್ದೆಲ್ಲ ಜಿಡಿಐ ಅಲ್ಲ ಎಂಬುದನ್ನೂ ನೆನಪಿಡಿ. ಟಾಟಾ ನೆಕ್ಸಾನಿನ 1.2 ಟರ್ಬೊ ಪೆಟ್ರೋಲಿನದು ಪೋರ್ಟ್ ಇಂಜೆಕ್ಷನ್.

ಹಾಗಾದರೆ ರೀಮ್ಯಾಪ್ ಮಾಡುವವರು, ಅಂದರೆ ಇಸಿಯುವಿನ ಪ್ರೋಗ್ರಾಂ ಬದಲಿಸುವವರು, ಸದ್ದು ಹುಟ್ಟಿಸುವುದು ಹೇಗೆ? ಕಂಪನಿಯ ಪ್ರೋಗ್ರಾಮಿನಲ್ಲಿ ಕಾಲು ತೆಗೆದ ಸ್ವಲ್ಪ ಹೊತ್ತಿಗೆ ಇಂಧನ ಪೂರ್ತಿ ಕಡಿತವಾಗುತ್ತದೆ. ಅವರು ಮೊದಲು ಆ ಕಡಿತವನ್ನು ಮುಂದೂಡುತ್ತಾರೆ ಅಥವಾ ತೆಗೆದೇ ಹಾಕುತ್ತಾರೆ. ಆಮೇಲೆ ಎಂಜಿನ್ನಿನ ಗಾಳಿ ಬಾಗಿಲಾದ ಥ್ರಾಟಲ್ಲನ್ನು ತುಸು ತೆರೆದಿಟ್ಟು ಗಾಳಿ ಬಿಡುತ್ತಾರೆ. ಕೊನೆಯದು ಕಿಡಿಯ ಸಮಯ. ಸಾಮಾನ್ಯವಾಗಿ ಪಿಸ್ಟನ್ ಮೇಲ್ತುದಿ (ಟಿಡಿಸಿ) ಮುಟ್ಟಲು ಕ್ರ್ಯಾಂಕ್ ಇನ್ನೂ 10ರಿಂದ 30 ಡಿಗ್ರಿ ತಿರುಗಬೇಕಿರುವಾಗಲೇ ಕಿಡಿ ಹಾರುತ್ತದೆ. ಸಿಡಿತದ ಮ್ಯಾಪಿನಲ್ಲಿ ಪಿಸ್ಟನ್ ಟಿಡಿಸಿ ದಾಟಿ 20-30 ಡಿಗ್ರಿ ಕೆಳಗಿಳಿದ ಮೇಲೆ ಹಾರುತ್ತದೆ. ಉರಿ ಮುಗಿಯುವ ಮೊದಲೇ ಎಕ್ಸಾಸ್ಟ್ ವಾಲ್ವ್ ತೆರೆಯುತ್ತದೆ. ಪಿಸ್ಟನ್ನನ್ನು ತಳ್ಳಬೇಕಿದ್ದ ಬೆಂಕಿ ಎಕ್ಸಾಸ್ಟ್ ಮ್ಯಾನಿಫೋಲ್ಡಿಗೆ ನುಗ್ಗುತ್ತದೆ. ನಮಗೆ ಕೇಳುವ ಪಟಾಕಿ ಅದೇ.

ಸದ್ದಿಗೂ ಜ್ವಾಲೆಗೂ ಒಂದು ವ್ಯತ್ಯಾಸವಿದೆ. ಪೈಪಿನೊಳಗೆ ಸಿಡಿಯಬೇಕಾದರೆ ಅಲ್ಲಿಯೇ ಆಮ್ಲಜನಕ ಬೇಕು. ಒಂದು ಸಿಲಿಂಡರ್ ಬರೀ ಗಾಳಿಯನ್ನು, ಇನ್ನೊಂದು ಉರಿಯದ ಪೆಟ್ರೋಲನ್ನು ಹೊರಗೆ ಬಿಟ್ಟರೆ ಅವೆರಡೂ ಬಿಸಿ ಪೈಪಿನಲ್ಲಿ ಸೇರಿ ಸಿಡಿಯುತ್ತವೆ. ಪೆಟ್ರೋಲ್ ಅತಿಯಾಗಿದ್ದು ಗಾಳಿ ಸಾಲದೇ ಹೋದರೆ ಒಳಗೆ ಪೂರ್ತಿ ಉರಿಯುವುದಿಲ್ಲ, ತುದಿ ದಾಟಿ ಹೊರಗಿನ ಗಾಳಿ ಸಿಕ್ಕಿದಾಗ ಹೊತ್ತುತ್ತದೆ. ಆ ಜ್ವಾಲೆ ಹಳದಿಯಾಗಿದ್ದರೆ ಅದರೊಳಗೆ ಮಸಿಯ ಕಣಗಳು ಹೊಳೆಯುತ್ತಿವೆ, ಅಂದರೆ ಮಿಶ್ರಣ ತುಂಬಾ ರಿಚ್ (ಪೆಟ್ರೋಲ್ ಹೆಚ್ಚು). ಇನ್ನೊಂದು ಮುಖ್ಯ ಸಂಗತಿ: ಹೊಗೆಯ ವಿಷ ತಗ್ಗಿಸುವ ಕ್ಯಾಟಲಿಟಿಕ್ ಕನ್ವರ್ಟರ್ (ಕ್ಯಾಟ್) ಸುಸ್ಥಿತಿಯಲ್ಲಿದ್ದರೆ ತುದಿಯವರೆಗೆ ಜ್ವಾಲೆ ಬರುವುದು ಬಹಳ ಕಷ್ಟ. ಅದರ ಜೇನುಗೂಡಿನಲ್ಲಿ ಚದರ ಇಂಚಿಗೆ 400ರಿಂದ 600 ತೂತು, ಒಂದೊಂದೂ ಸುಮಾರು ಒಂದು ಮಿಲಿಮೀಟರ್ ಅಗಲ. ಅಷ್ಟು ಸಣ್ಣ ಸಂದಿಯಲ್ಲಿ ಜ್ವಾಲೆ ತನ್ನ ಶಾಖವನ್ನು ಗೋಡೆಗೆ ಕಳೆದುಕೊಂಡು ಆರುತ್ತದೆ. ಹಿಂದೆ ಗಣಿಗಳಲ್ಲಿ ಬಳಸುತ್ತಿದ್ದ ಡೇವಿ ದೀಪದ ಜಾಲರಿ ಕೆಲಸ ಮಾಡುತ್ತಿದ್ದದ್ದೂ ಹೀಗೆಯೇ. ಆದ್ದರಿಂದ ಬೆಂಕಿ ಉಗುಳುವ ಕಾರು ಬಂದರೆ ಮೊದಲು ಕಾರನ್ನು ಎತ್ತಿ, ಟರ್ಬೊದಿಂದ ಕೆಳಗಿಳಿಯುವ ಡೌನ್‌ಪೈಪ್ ನೋಡಿ. ಹೆಚ್ಚಾಗಿ ಕ್ಯಾಟ್ ಕಿತ್ತು ಖಾಲಿ ಪೈಪ್ ಕೂರಿಸಿರುತ್ತಾರೆ, ಇಲ್ಲವೇ ಒಳಗಿನ ಜೇನುಗೂಡು ಕರಗಿ ಒಡೆದಿರುತ್ತದೆ. ರಬ್ಬರ್ ಸುತ್ತಿಗೆಯಿಂದ ಮೆಲ್ಲಗೆ ತಟ್ಟಿ. ಒಳಗೆ ಗಲಗಲ ಎಂದರೆ ಒಡೆದಿದೆ.

ಈ ಬೆಂಕಿಗೆ ಮೊದಲು ಸಿಕ್ಕಿಬೀಳುವುದು ಟರ್ಬೊ. ಸದ್ದು ಹಿಂದೆ ಕೇಳುತ್ತದೆ ನಿಜ, ಆದರೆ ಉರಿ ಶುರುವಾಗುವುದು ಟರ್ಬೈನಿನ ಮುಂದೆ. ಪೆಟ್ರೋಲ್ ಟರ್ಬೈನುಗಳು ತಾಳುವ ಮಿತಿ 950ರಿಂದ 1050 ಡಿಗ್ರಿ ಸೆಲ್ಸಿಯಸ್. ಘಾಟಿ ಹತ್ತಿ ಬಂದ ಕಾರು ಅದರ ಹತ್ತಿರವೇ ಇರುತ್ತದೆ. ಅದರ ಮೇಲೆ ಮ್ಯಾನಿಫೋಲ್ಡಿನಲ್ಲಿ ಉರಿ ಸೇರಿದರೆ ಹೌಸಿಂಗಿನಲ್ಲಿ ಬಿರುಕು, ಟರ್ಬೊ ಒತ್ತಡವನ್ನು ಹಿಡಿತದಲ್ಲಿಡುವ ವೇಸ್ಟ್‌ಗೇಟಿನ ಬುಶ್ ಸವೆದು ಟಿರ್‌ರ್ ಎನ್ನುವ ಸದ್ದು, ಎಕ್ಸಾಸ್ಟ್ ವಾಲ್ವಿನ ಅಂಚು ಸುಡುವುದು, ಒಂದರ ಹಿಂದೆ ಒಂದು ಬರುತ್ತವೆ. ಕ್ಯಾಟಿನೊಳಗಿನ ಪ್ಲಾಟಿನಂ, ಪಲ್ಲೇಡಿಯಂ, ರೋಡಿಯಂ ಲೇಪ ಸಾವಿರ ಡಿಗ್ರಿಯ ಆಸುಪಾಸಿನಲ್ಲಿ ಗಂಟುಗಟ್ಟಿ ಕೆಲಸ ಬಿಡುತ್ತದೆ, ಆಗ ಸ್ಕ್ಯಾನರಿನಲ್ಲಿ ಕ್ಯಾಟ್ ಸರಿ ಕೆಲಸ ಮಾಡುತ್ತಿಲ್ಲ ಎನ್ನುವ ಪಿ0420 ಕೋಡ್ ಬರುತ್ತದೆ. ಸೆರಾಮಿಕ್ ಕರಗಲು ಇನ್ನೂ ಹೆಚ್ಚು ಬಿಸಿ ಬೇಕು. ಆದರೆ ಉರಿಯದ ಪೆಟ್ರೋಲ್ ನೇರವಾಗಿ ಕ್ಯಾಟಿನೊಳಗೇ ಉರಿದರೆ ಅಷ್ಟು ಬಿಸಿಯೂ ಆಗುತ್ತದೆ.

ನಮ್ಮ ಜಿಲ್ಲೆಯವರು ಗಟ್ಟಿಯಾಗಿ ಯೋಚಿಸಬೇಕಾದ ಭಾಗ ಇಲ್ಲಿದೆ. ಶಿರಸಿಯಿಂದ ಕುಮಟಾಕ್ಕೆ ದೇವಿಮನೆ, ಯಲ್ಲಾಪುರದಿಂದ ಅಂಕೋಲಾಕ್ಕೆ ಅರಬೈಲು, ಜೊಯಿಡಾದಿಂದ ಕಾರವಾರಕ್ಕೆ ಅಣಶಿ. ಎಲ್ಲಿಂದ ಇಳಿದರೂ ಎಂಜಿನ್ ಬ್ರೇಕಿಂಗ್ ಬೇಕೇ ಬೇಕು. ಗೇರಿನಲ್ಲೇ ಇಳಿಯುವಾಗ ಇಂಧನ ಸೊನ್ನೆ, ಎಂಜಿನ್ ಬರೀ ಪಂಪಿನಂತೆ ಗಾಳಿ ಎಳೆದು ಕಾರನ್ನು ಹಿಡಿಯುತ್ತದೆ. ಸಿಡಿತದ ಮ್ಯಾಪ್ ಹಾಕಿದರೆ ಈ ಕಡಿತವೇ ಹೋಗುತ್ತದೆ. ಥ್ರಾಟಲ್ ತುಸು ತೆರೆದಿರುವುದರಿಂದ ವ್ಯಾಕ್ಯೂಮ್ ಇಳಿಯುತ್ತದೆ, ತಡವಾದ ಉರಿಯೂ ಸ್ವಲ್ಪ ತಳ್ಳುತ್ತದೆ, ಕಾರು ಸಡಿಲವಾಗಿ ಓಡುತ್ತದೆ. ಆ ಭಾರವೆಲ್ಲ ಬ್ರೇಕ್ ಪ್ಯಾಡಿನ ಮೇಲೆ. ತಿರುವಿಗೊಮ್ಮೆ ಕಾಲು ತೆಗೆದಾಗಲೆಲ್ಲ ಪೆಟ್ರೋಲ್ ಖರ್ಚು ಬೇರೆ. ಹೊಗೆಯ ಮಸಿ ಹಿಡಿಯುವ ಜಿಪಿಎಫ್ ಫಿಲ್ಟರ್ ಇರುವ ಕಾರಾದರೆ ಮತ್ತೊಂದು ನಷ್ಟ: ಆ ಫಿಲ್ಟರಿನ ಮಸಿ ಸುಡಲು ಬೇಕಾದ ಆಮ್ಲಜನಕ ಸಿಗುವುದು ಇಂಧನ ಕಡಿತದ ಹೊತ್ತಿನಲ್ಲೇ.

ಇನ್ನು ರೀಮ್ಯಾಪ್ ಇಲ್ಲದೆಯೂ ಸಿಡಿಯುವ ಕಾರು. ಮಾಲೀಕರ ಮಾತನ್ನು ನಂಬಿ, ಜೊತೆಗೆ ಖಚಿತಪಡಿಸಿಕೊಳ್ಳಿ. ಸ್ಕ್ಯಾನರಿನಲ್ಲಿ ಮೋಡ್ 09 ತೆರೆದರೆ ಸಾಫ್ಟ್‌ವೇರಿನ ಗುರುತಾದ ಕ್ಯಾಲಿಬ್ರೇಶನ್ ಐಡಿ ಮತ್ತು ಅದರ ತಾಳೆಸಂಖ್ಯೆಯಾದ ಸಿವಿಎನ್ ಸಿಗುತ್ತವೆ. ಐಡಿ ಹಾಗೇ ಇದ್ದು ಸಿವಿಎನ್ ಕಂಪನಿಯದಕ್ಕೆ ಹೊಂದದಿದ್ದರೆ ಸಾಫ್ಟ್‌ವೇರ್ ಮುಟ್ಟಿದ್ದಾರೆ. ಸೆಕೆಂಡ್‌ಹ್ಯಾಂಡ್ ಕಾರು ಕೊಂಡವರಿಗೆ ಎಷ್ಟೋ ಸಲ ಈ ವಿಷಯ ಗೊತ್ತೇ ಇರುವುದಿಲ್ಲ. ಡಿಸಿಟಿ (ಎರಡು ಕ್ಲಚ್ಚಿನ ಆಟೊಮ್ಯಾಟಿಕ್) ಗೇರ್ ಏರುವಾಗ ಮಾತ್ರ ಒಮ್ಮೆ 'ಭಪ್' ಎಂದರೆ ಚಿಂತೆ ಬೇಡ. ಗೇರ್ ಕೂರುವಷ್ಟು ಹೊತ್ತು ಟಾರ್ಕ್ ಇಳಿಸಲು ಇಸಿಯು ಕಿಡಿಯನ್ನು ತಡಮಾಡುತ್ತದೆ. ಅದು ಕಂಪನಿಯೇ ಬರೆದದ್ದು.

ಕರಾವಳಿಯ ಕಾರುಗಳಲ್ಲಿ ನಾನು ಮೊದಲು ಅನುಮಾನಿಸುವುದು ಎಕ್ಸಾಸ್ಟಿನ ಜೋಡಣೆಗಳನ್ನು. ಕಾರವಾರ, ಅಂಕೋಲಾ, ಗೋಕರ್ಣದ ಉಪ್ಪುಗಾಳಿ ಫ್ಲ್ಯಾಂಜ್ ಬೋಲ್ಟನ್ನು ಹೊರಗಿನಿಂದ ತಿನ್ನುತ್ತದೆ. ಒಳಗಿನಿಂದ ತಿನ್ನುವುದು ಎಂಜಿನ್ ತಾನೇ ಹುಟ್ಟಿಸುವ ನೀರು. ಒಂದು ಲೀಟರ್ ಪೆಟ್ರೋಲ್ ಉರಿದರೆ ಹೆಚ್ಚುಕಡಿಮೆ ಒಂದು ಲೀಟರ್ ನೀರು ಆವಿಯಾಗಿ ಹೊರಬರುತ್ತದೆ. ಮಳೆಗಾಲದಲ್ಲಿ ಮನೆಯಿಂದ ಪೇಟೆಗೆ ಎರಡು ಕಿಲೋಮೀಟರ್ ಮಾತ್ರ ಓಡುವ ಕಾರಿನ ಸೈಲೆನ್ಸರ್ ಬಿಸಿಯಾಗುವುದೇ ಇಲ್ಲ, ಆ ನೀರು ಅಲ್ಲೇ ನಿಲ್ಲುತ್ತದೆ. ಗ್ಯಾಸ್ಕೆಟ್ ಸಡಿಲಾದರೆ, ಒತ್ತಡದ ಅಲೆಗಳ ನಡುವೆ ಪೈಪ್ ಹೊರಗಿನ ಗಾಳಿಯನ್ನು ಒಳಕ್ಕೆ ಎಳೆಯುತ್ತದೆ. ಸೋರಿಕೆ ಮುಂದಿನ ಆಕ್ಸಿಜನ್ ಸೆನ್ಸರಿಗಿಂತ ಮೊದಲಿದ್ದರೆ ಕೆಲಸ ಇನ್ನೂ ಕೆಡುತ್ತದೆ. ಸೆನ್ಸರ್ ಆ ಗಾಳಿ ನೋಡಿ ಮಿಶ್ರಣ ಲೀನ್ (ಪೆಟ್ರೋಲ್ ಕಡಿಮೆ) ಎನ್ನುತ್ತದೆ, ಇಸಿಯು ಪೆಟ್ರೋಲ್ ಹೆಚ್ಚಿಸುತ್ತದೆ, ಹೆಚ್ಚಾದ ಪೆಟ್ರೋಲ್ ಅದೇ ಗಾಳಿಯಲ್ಲಿ ಸಿಡಿಯುತ್ತದೆ. ಪತ್ತೆಗೆ ದುಬಾರಿ ಯಂತ್ರ ಬೇಡ. ಎಂಜಿನ್ ತಣ್ಣಗಿರುವಾಗ ಬ್ಲೋವರಿನಿಂದ ಸೈಲೆನ್ಸರಿಗೆ ಗಾಳಿ ಊದಿ, ಫ್ಲ್ಯಾಂಜ್, ಫ್ಲೆಕ್ಸ್ ಪೈಪ್, ಸೆನ್ಸರ್ ಬುಡಕ್ಕೆ ಸೋಪುನೀರು ಹಚ್ಚಿ. ಗುಳ್ಳೆ ಎದ್ದಲ್ಲಿ ಸೋರಿಕೆ. ಗ್ಯಾಸ್ಕೆಟ್ ಜೊತೆ ಬೋಲ್ಟನ್ನೂ ಹೊಸದೇ ಹಾಕಿ.

ಆಮೇಲೆ ಫ್ಯೂಯಲ್ ಟ್ರಿಮ್, ಅಂದರೆ ಇಸಿಯು ಪೆಟ್ರೋಲನ್ನು ಎಷ್ಟು ಹೆಚ್ಚು-ಕಡಿಮೆ ಮಾಡುತ್ತಿದೆ ಎಂಬ ಲೆಕ್ಕ ನೋಡಿ. ಲಾಂಗ್ ಟರ್ಮ್ ಟ್ರಿಮ್ ಪ್ಲಸ್-ಮೈನಸ್ 10 ಶೇಕಡದೊಳಗಿದ್ದರೆ ನೆಮ್ಮದಿ. ಐಡಲ್‌ನಲ್ಲಿ ಪ್ಲಸ್ 15 ದಾಟಿ, 2500 ಆರ್‌ಪಿಎಂನಲ್ಲಿ ಸರಿಹೋದರೆ ಇನ್‌ಟೇಕ್ ಕಡೆ ಗಾಳಿ ಸೋರಿಕೆ. ಮೈನಸ್ 10ಕ್ಕಿಂತ ಕೆಳಗಿಳಿದರೆ ಇಂಜೆಕ್ಟರ್ ತೊಟ್ಟಿಕ್ಕುತ್ತಿದೆ, ಟ್ಯಾಂಕಿನ ಆವಿಯನ್ನು ಎಂಜಿನ್ನಿಗೆ ಬಿಡುವ ಪರ್ಜ್ ವಾಲ್ವ್ ತೆರೆದೇ ಉಳಿದಿದೆ, ಅಥವಾ ಹೈಪ್ರೆಶರ್ ಪಂಪಿನ ಸೀಲ್ ಹೋಗಿ ಪೆಟ್ರೋಲ್ ಆಯಿಲಿಗೆ ಇಳಿಯುತ್ತಿದೆ. ಡಿಪ್‌ಸ್ಟಿಕ್ ಎಳೆದು ಮೂಸಿ. ಆಯಿಲ್ ಮಟ್ಟ ಏರಿ ಪೆಟ್ರೋಲ್ ವಾಸನೆ ಬಂದರೆ ಆ ಆಯಿಲಿನಲ್ಲಿ ಘಾಟಿ ಹತ್ತಬೇಡಿ. ಇಂಜೆಕ್ಟರಿನ ಅನುಮಾನಕ್ಕೆ ಎಂಜಿನ್ ನಿಲ್ಲಿಸಿ, ಇಂಜೆಕ್ಟರುಗಳಿಗೆ ಪೆಟ್ರೋಲ್ ಹಂಚುವ ಕೊಳವೆಯ (ರೈಲ್) ಒತ್ತಡ ನೋಡುತ್ತಿರಿ. ಬಿಸಿಗೆ ಅದು ಸ್ವಲ್ಪ ಏರುವುದು ಸಹಜ, ಹತ್ತು ನಿಮಿಷದೊಳಗೆ ಕುಸಿದರೆ ಸೋರಿಕೆ ಇದೆ. ಹೈಪ್ರೆಶರ್ ಲೈನ್ ಬಿಚ್ಚುವ ಮೊದಲು ಟ್ಯಾಂಕಿನ ಪಂಪಿನ ಫ್ಯೂಸ್ ತೆಗೆದು, ಎಂಜಿನ್ ತಾನಾಗಿ ನಿಲ್ಲುವವರೆಗೆ ಓಡಿಸಿ, ಒತ್ತಡ ಇಳಿದದ್ದನ್ನು ಸ್ಕ್ಯಾನರಿನಲ್ಲಿ ನೋಡಿಕೊಂಡೇ ಸ್ಪ್ಯಾನರ್ ಹಿಡಿಯಿರಿ. ಇನ್ನೂರು ಬಾರ್ ಒತ್ತಡದಲ್ಲಿ ಚಿಮ್ಮುವ ಪೆಟ್ರೋಲ್ ಚರ್ಮ ಸೀಳಿ ಒಳಗೆ ಹೋಗುತ್ತದೆ. ದಯವಿಟ್ಟು ಇದರಲ್ಲಿ ಆತುರ ಮಾಡಬೇಡಿ.

ಕಿಡಿಯ ಕಡೆ ಹೇಳುವುದಾದರೆ, ಟರ್ಬೊ ಕಾರುಗಳ ಪ್ಲಗ್ ಗ್ಯಾಪ್ ಸಾಮಾನ್ಯವಾಗಿ 0.7ರಿಂದ 0.8 ಮಿಲಿಮೀಟರ್. ಬೂಸ್ಟಿನಲ್ಲಿ ಒತ್ತಿದ ಗಾಳಿಯನ್ನು ಕಿಡಿ ದಾಟಬೇಕಲ್ಲ, ಗ್ಯಾಪ್ ಹೆಚ್ಚಾದರೆ ತಪ್ಪುತ್ತದೆ. ಇರಿಡಿಯಂ ಪ್ಲಗ್ಗಿನ ಸಣ್ಣ ತುದಿಯನ್ನು ತಂತಿ ಬ್ರಶ್ಶಿನಿಂದ ಉಜ್ಜಬೇಡಿ. ಆಷಾಢದ ತೇವಕ್ಕೆ ಕಾಯಿಲಿನ ರಬ್ಬರ್ ಬೂಟಿನೊಳಗೆ ಬೂದುಗೆರೆ ಬಿದ್ದಿದ್ದರೆ ಬೂಟ್ ಬದಲಿಸಿ. ಇನ್ನು ಜಿಡಿಐನದೇ ಆದ ಒಂದು ಕಾಯಿಲೆ: ಇನ್‌ಟೇಕ್ ವಾಲ್ವನ್ನು ತೊಳೆಯಲು ಪೆಟ್ರೋಲ್ ಇಲ್ಲದ ಕಾರಣ ಅದರ ಮೇಲೆ ಇದ್ದಿಲು ಕಟ್ಟುತ್ತದೆ, ತಣ್ಣಗಿರುವಾಗ ಮಿಸ್‌ಫೈರ್ ಆಗುತ್ತದೆ. ಟ್ಯಾಂಕಿಗೆ ಹಾಕುವ ಕ್ಲೀನರ್ ಅಲ್ಲಿಗೆ ತಲುಪುವುದೇ ಇಲ್ಲ. ಮ್ಯಾನಿಫೋಲ್ಡ್ ಬಿಚ್ಚಿ, ವಾಲ್ವ್ ಮುಚ್ಚಿರುವುದನ್ನು ಖಚಿತ ಮಾಡಿಕೊಂಡು, ವಾಲ್ನಟ್ ಚಿಪ್ಪಿನ ಪುಡಿ ಊದಿ ತೆಗೆಯಬೇಕು.

ಎಂಜಿನ್ ಲೈಟ್ ಮಿನುಗತೊಡಗಿದರೆ ಮಿಸ್‌ಫೈರ್ ಕ್ಯಾಟನ್ನು ಸುಡುತ್ತಿದೆ ಎಂದರ್ಥ. ಘಾಟಿಯ ನಡುವೆಯಾದರೂ ಕಾಲು ಹಗುರ ಮಾಡಿ, ಅಗಲ ಇದ್ದಲ್ಲಿ ನಿಲ್ಲಿಸಿ. ಕಾಲು ತೆಗೆದಾಗ ಟರ್ಬೊ ಒತ್ತಿದ ಗಾಳಿಯನ್ನು ವಾತಾವರಣಕ್ಕೆ ಬಿಡುವ ಬ್ಲೋ-ಆಫ್ ವಾಲ್ವ್ ಕೂರಿಸಿದವರಿಗೂ ಒಂದು ಮಾತು. ಏರ್‌ಫ್ಲೋ ಮೀಟರ್ ಇರುವ ಕಾರಿನಲ್ಲಿ ಆ ಗಾಳಿ ಈಗಾಗಲೇ ಲೆಕ್ಕಕ್ಕೆ ಬಂದಿರುತ್ತದೆ. ಅದನ್ನು ಹೊರಗೆ ಬಿಟ್ಟರೆ ಲೆಕ್ಕದ ಪೆಟ್ರೋಲಿಗೆ ಗಾಳಿ ಸಾಲದೆ ಮಸಿ, ಸಿಡಿತ ಎರಡೂ ಬರುತ್ತವೆ. ಡೈವರ್ಟರ್ ವಾಲ್ವ್ ಮೂಲದಂತೆ ಇನ್‌ಟೇಕಿಗೇ ಮರಳುವ ಹಾಗೆ ಜೋಡಿಸಿ.

ಕಾನೂನು ಚುಟುಕಾಗಿ: ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಕಂಪನಿ ಕೊಟ್ಟ ಮೂಲ ರೂಪ ಬದಲಿಸುವುದನ್ನು ತಡೆಯುತ್ತದೆ. 190(2)ರಂತೆ ಶಬ್ದ ಮತ್ತು ಹೊಗೆಯ ಮಿತಿ ಮೀರಿದ್ದಕ್ಕೆ ಮೊದಲ ಸಲ ಮೂರು ತಿಂಗಳವರೆಗೆ ಸೆರೆ ಅಥವಾ 10,000 ರೂಪಾಯಿವರೆಗೆ ದಂಡ, ಅಥವಾ ಎರಡೂ. ಲೈಸೆನ್ಸೂ ಮೂರು ತಿಂಗಳು ಹೋಗುತ್ತದೆ.

ಮೂಲ ಸಾಫ್ಟ್‌ವೇರ್ ಮರಳಿ ಹಾಕುವಾಗ ಬ್ಯಾಟರಿಗೆ ಸ್ಥಿರ ವೋಲ್ಟೇಜಿನ ಚಾರ್ಜರ್ ಕೊಟ್ಟಿರಲಿ; ನಡುವೆ ವೋಲ್ಟೇಜ್ ಕುಸಿದರೆ ಇಸಿಯು ಹೋಗುತ್ತದೆ. ಹಾಕಿದ ಮೇಲೆ ಕ್ಯಾಟಿನ ಹಿಂಒತ್ತಡ ಅಳೆಯಿರಿ. ಟರ್ಬೊ ದಾಟಿದ ಮೇಲೆ, ಕ್ಯಾಟಿಗಿಂತ ಮುಂಚೆ ಅಳೆದಾಗ ಐಡಲ್‌ನಲ್ಲಿ 0.1 ಬಾರ್, 2500 ಆರ್‌ಪಿಎಂನಲ್ಲಿ 0.2 ಬಾರ್ ಮೀರಿದರೆ ಕ್ಯಾಟ್ ಕಟ್ಟಿದೆ.

ಫೆಬ್ರವರಿಯಿಂದ ಮೇವರೆಗೆ ನಮ್ಮ ರಸ್ತೆಯಂಚಿನಲ್ಲೆಲ್ಲ ಕರಡ (ಹುಲ್ಲು) ಒಣಗಿ ನಿಂತಿರುತ್ತದೆ, ಬೆಟ್ಟದ ಅಡಿ ದರಕು (ಒಣಗಿದ ಎಲೆ) ಮೊಣಕಾಲುದ್ದ ಬಿದ್ದಿರುತ್ತದೆ. ಸಿಡಿಯುವ ಕಾರಿನ ಒಂದು ಕಿಡಿ ಅಲ್ಲಿಗೆ ಸಾಕು. ಸಿಡಿಯದ ಕಾರಿನ ಕ್ಯಾಟ್ ಕೂಡ ಘಾಟಿ ಹತ್ತಿದ ಮೇಲೆ ಒಣಹುಲ್ಲು ಹೊತ್ತಿಸುವಷ್ಟು ಕಾದಿರುತ್ತದೆ. ನಿಲ್ಲಿಸುವುದಾದರೆ ಬರಿ ಮಣ್ಣು ಅಥವಾ ಡಾಂಬರಿನ ಮೇಲೆ ನಿಲ್ಲಿಸಿ, ಒಂದೆರಡು ನಿಮಿಷ ಐಡಲ್‌ನಲ್ಲಿ ಬಿಟ್ಟು ಟರ್ಬೊ ಆಯಿಲ್ ತಣಿದ ಮೇಲೆ ಕೀ ತೆಗೆಯಿರಿ. ಇಳಿದು ಒಮ್ಮೆ ಬಗ್ಗಿ ಕಾರಿನಡಿ ನೋಡಿ. ಹುಲ್ಲು ಸಿಕ್ಕಿಕೊಂಡಿದ್ದರೆ ಕೋಲಿನಿಂದ ಎಳೆದು ತೆಗೆಯಿರಿ.